ಅಂತರರಾಷ್ಟ್ರೀಯ ಕ್ರೀಡಾಕೂಟಕ್ಕೆ ಮಗು ಆಯ್ಕೆಯಾದರೆ: ಪೋಷಕರು ಮಾಡಿಕೊಳ್ಳಬೇಕಾದ ಸಿದ್ಧತೆ

ಬ್ಯೂನಸ್ ಐರಿಸ್‌ನಲ್ಲಿ 2018ರಲ್ಲಿ ನಡೆದ ಯೂತ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಆ ಕೂಟದ ಇತಿಹಾಸದಲ್ಲೇ ಮೊದಲ ಚಿನ್ನ ತಂದುಕೊಟ್ಟಾಗ ವೇಟ್‌ಲಿಫ್ಟರ್ ಜೆರೆಮಿ ಲಾಲ್‌ರಿನ್ನುಂಗಾ ಅವರಿಗೆ 15 ವರ್ಷ. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಸ್ಕ್ವಾಷ್ ಪದಕ ಗೆದ್ದ ಅನಾಹತ್ ಸಿಂಗ್ ಅವರಿಗೂ ಅಷ್ಟೇ ವಯಸ್ಸು. ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದ 117 ಮಂದಿಯಲ್ಲಿ ಅತಿ ಕಿರಿಯರಾಗಿದ್ದ ಬೆಂಗಳೂರಿನ ಈಜುಗಾರ್ತಿ ಧಿನಿಧಿ ದೇಸಿಂಗು ಅವರಿಗೆ ಆಗಿನ್ನೂ 14. ಇಷ್ಟು ಎಳೆಯ ವಯಸ್ಸಿನಲ್ಲಿ ದೇಶದ ಜರ್ಸಿ ತೊಡುವ ಮಕ್ಕಳ ಆಟವನ್ನು ತಿದ್ದಲು ಕೋಚ್ ಇರುತ್ತಾರೆ. ಆದರೆ ಕಾಗದಪತ್ರ, ಔಷಧ, ನಿದ್ದೆ, ಊಟ, ಫೋನು ಇವುಗಳ ಹೊಣೆ ಬಹುಮಟ್ಟಿಗೆ ಮನೆಯವರದೇ ಆಗಿರುತ್ತದೆ. ಎಡವಟ್ಟುಗಳು ಹೆಚ್ಚಾಗಿ ಆಗುವುದೂ ಇಲ್ಲೇ ಆದ್ದರಿಂದ ಈ ಬರಹ ಆಟದ ವಿಷಯಕ್ಕೆ ಹೋಗದೆ ಮನೆಯವರ ಪಾಲಿನ ಕೆಲಸವನ್ನಷ್ಟೇ ವಿವರಿಸುತ್ತದೆ. 2026ರ ಅಕ್ಟೋಬರ್ 31ರಿಂದ ನವೆಂಬರ್ 13ರವರೆಗೆ ಸೆನೆಗಲ್ ದೇಶದ ಡಾಕರ್‌ನಲ್ಲಿ ನಿಗದಿಯಾಗಿರುವ ಯೂತ್ ಒಲಿಂಪಿಕ್ಸ್ ಅನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದರೂ ಹೇಳಿರುವುದರಲ್ಲಿ ಬಹುಪಾಲು ಯಾವ ಕೂಟಕ್ಕೂ ಅನ್ವಯಿಸುತ್ತದೆ.

ಮೊದಲು ಹೆಸರಿನಿಂದ ಶುರು ಮಾಡಿ. ನಮ್ಮ ಕಡೆಯ ಮಕ್ಕಳ ಹೆಸರಿನ ಮುಂದೋ ಹಿಂದೋ ಇನಿಷಿಯಲ್ ಇರುತ್ತದೆ. ಆಧಾರ್‌ನಲ್ಲಿ ಅದು ತಂದೆಯ ಪೂರ್ಣ ಹೆಸರಾಗಿ, ಶಾಲೆಯ ದಾಖಲೆಯಲ್ಲಿ ಒಂದೇ ಅಕ್ಷರವಾಗಿ, ಕ್ರೀಡಾ ಸಂಸ್ಥೆಯ ಗುರುತಿನ ಚೀಟಿಯಲ್ಲಿ ಊರಿನ ಹೆಸರಾಗಿ ಬಂದಿರುವುದು ಅಪರೂಪವೇನಲ್ಲ. ಕೂಟದ ಸಂಘಟಕರು ಪಾಸ್‌ಪೋರ್ಟ್‌ನಲ್ಲಿ ಇರುವುದನ್ನು ಮಾತ್ರ ಪರಿಗಣಿಸುತ್ತಾರೆ. ಅಂತಿಮ ಆಯ್ಕೆಗೆ ಎಷ್ಟೋ ಮೊದಲೇ, ಹೋಗುವ ಸಾಧ್ಯತೆ ಇರುವವರೆಲ್ಲರ ಉದ್ದನೆಯ ಪಟ್ಟಿಯೊಂದನ್ನು ಕಳುಹಿಸುವ ಪದ್ಧತಿ ಇರುವುದರಿಂದ, ಆಯ್ಕೆಯ ಸುದ್ದಿ ಬಂದ ಮೇಲೆ ಹೆಸರು ತಿದ್ದಿಸಿದರಾಯಿತು ಎಂದು ಕಾಯುವಂತಿಲ್ಲ. ಜನ್ಮದಿನಾಂಕ ಒಂದೊಂದು ದಾಖಲೆಯಲ್ಲಿ ಒಂದೊಂದು ಬಗೆಯಾಗಿದ್ದರಂತೂ ವಯಸ್ಸಿನ ವಂಚನೆಯ ಅನುಮಾನಕ್ಕೇ ದಾರಿಯಾಗುತ್ತದೆ. ಅಪ್ರಾಪ್ತರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಐದು ವರ್ಷಕ್ಕೋ 18 ತುಂಬುವ ದಿನಕ್ಕೋ, ಯಾವುದು ಮೊದಲೋ ಅಂದಿಗೆ ಮುಗಿಯುತ್ತದೆ. ಹಲವು ದೇಶಗಳು ಪ್ರಯಾಣದ ವೇಳೆಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕೆಂದು ಕೇಳುವುದರಿಂದ, 17ರ ಹೊಸ್ತಿಲಲ್ಲಿರುವ ಮಗುವಿನ ಪಾಸ್‌ಪೋರ್ಟ್ ಅನ್ನು ಇಂದೇ ತೆಗೆದು ನೋಡುವುದು ಒಳ್ಳೆಯದು.

ಇದರ ಜೊತೆಗೆ ನಿಮ್ಮ ಸಹಿಗಾಗಿ ಭಾಗವಹಿಸುವಿಕೆಯ ಷರತ್ತುಗಳ ಪತ್ರ ಬರುತ್ತದೆ. ತುರ್ತು ಚಿಕಿತ್ಸೆಗೆ ಒಪ್ಪಿಗೆ, ಮಗುವಿನ ಚಿತ್ರಗಳ ಬಳಕೆ, ಉದ್ದೀಪನ ಮದ್ದಿನ ನಿಯಮಗಳು, ವ್ಯಾಜ್ಯ ಬಂದರೆ ಅದನ್ನು ಕ್ರೀಡಾ ನ್ಯಾಯಮಂಡಳಿಯೇ ತೀರ್ಮಾನಿಸಬೇಕೆಂಬ ಒಪ್ಪಂದ ಎಲ್ಲವೂ ಅದರಲ್ಲಿ ಇರುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಕೊನೆಯ ಪುಟಕ್ಕೆ ಸಹಿ ಹಾಕಿ ಫೋಟೊ ತೆಗೆದು ಕಳುಹಿಸಿಬಿಡುವ ಬದಲು ಪೂರ್ತಿ ಪತ್ರ ತರಿಸಿಕೊಂಡು ಓದಿ, ಒಂದು ಪ್ರತಿಯನ್ನು ಇಟ್ಟುಕೊಳ್ಳಿ.

ಡಾಕರ್‌ಗೆ ಹೊರಡುವವರಿಗೆ ಇನ್ನೊಂದು ಕೆಲಸವಿದೆ. ಹಳದಿ ಜ್ವರದ ಅಪಾಯವಿರುವ ದೇಶಗಳ ಪಟ್ಟಿಯಲ್ಲಿ ಸೆನೆಗಲ್ ಇರುವುದರಿಂದ, ಅಲ್ಲಿಂದ ಮರಳುವವರ ಬಳಿ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ ನಮ್ಮದೇ ವಿಮಾನ ನಿಲ್ದಾಣದಲ್ಲಿ ಪ್ರತ್ಯೇಕವಾಸಕ್ಕೆ ಕಳುಹಿಸಲು ಅವಕಾಶವಿದೆ. ಈ ಲಸಿಕೆಯನ್ನು ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಕೊಡುತ್ತಾರೆ; ಬೆಂಗಳೂರಿನಲ್ಲೂ ಅಂಥ ಕೇಂದ್ರವಿದೆ. ಪ್ರಮಾಣಪತ್ರ ಊರ್ಜಿತವಾಗುವುದು ಲಸಿಕೆ ಹಾಕಿಸಿದ 10 ದಿನಗಳ ನಂತರ. ಇದು ಜೀವಂತ ವೈರಾಣುವನ್ನು ದುರ್ಬಲಗೊಳಿಸಿ ತಯಾರಿಸಿದ ಲಸಿಕೆಯಾಗಿರುವುದರಿಂದ ಕೆಲವರಿಗೆ ನಾಲ್ಕಾರು ದಿನಗಳ ನಂತರ ಜ್ವರ, ಮೈಕೈ ನೋವು ಬರುವುದುಂಟು. ಆದ್ದರಿಂದ ಹೊರಡುವ ವಾರದವರೆಗೂ ಮುಂದೂಡದೆ, ತರಬೇತಿಯ ಭಾರ ಕಡಿಮೆ ಇರುವ ದಿನಗಳನ್ನು ಕೋಚ್ ಬಳಿ ಕೇಳಿ ಹಾಕಿಸಿಬಿಡಿ. ಮೊಟ್ಟೆಯ ಅಲರ್ಜಿ ಇದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು.

ಔಷಧದ ವಿಷಯಕ್ಕೆ ಹೆಚ್ಚು ಸಮಯ ಕೊಡಬೇಕಾಗುತ್ತದೆ. ಉದ್ದೀಪನ ಮದ್ದು ಎಂದರೆ ಯಾರೋ ಕದ್ದು ಚುಚ್ಚಿಕೊಳ್ಳುವ ವಸ್ತು ಎಂಬ ಭಾವನೆ ನಮ್ಮಲ್ಲಿದೆ. ಆದರೆ ಹದಿಹರೆಯದ ಮಕ್ಕಳ ಮಟ್ಟಿಗೆ ನಿಜವಾಗಿ ಅಂಜಬೇಕಾದದ್ದು ಮನೆಯ ಔಷಧದ ಡಬ್ಬಿಗೆ. ಕೆಮ್ಮಿಗೆಂದು ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಕೊಡುವ ಅನೇಕ ಸಿರಪ್‌ಗಳಲ್ಲಿ ಟರ್ಬ್ಯುಟಲಿನ್ ಎಂಬ ಅಂಶವಿರುತ್ತದೆ. ಸ್ಪರ್ಧೆ ಇರಲಿ ಇಲ್ಲದಿರಲಿ, ಅದು ಎಲ್ಲ ಕಾಲಕ್ಕೂ ನಿಷಿದ್ಧ. ಆಸ್ತಮಾ ಇರುವವರು ಸಾಲ್ಬ್ಯುಟಮಾಲ್ ಅನ್ನು ಇನ್‌ಹೇಲರ್ ಮೂಲಕ, 24 ಗಂಟೆಗಳಲ್ಲಿ 1600 ಮೈಕ್ರೊಗ್ರಾಂ ಮೀರದಂತೆ ಬಳಸಬಹುದು. ಅಷ್ಟನ್ನೂ ಒಮ್ಮೆಗೇ ಎಳೆದುಕೊಳ್ಳದಂತೆ ಎಂಟು ಗಂಟೆಗಳ ಮಿತಿಯೂ ಬೇರೆ ಇದೆ. ಅದೇ ಸಾಲ್ಬ್ಯುಟಮಾಲ್ ಸಿರಪ್ಪಿನಲ್ಲೋ ಮಾತ್ರೆಯಲ್ಲೋ ಇದ್ದರೆ ನಿಷಿದ್ಧ. ಮೂಗು ಕಟ್ಟಿದಾಗ ಕೊಡುವ ಕೆಲವು ಮಾತ್ರೆಗಳಲ್ಲಿರುವ ಸ್ಯೂಡೊಎಫೆಡ್ರಿನ್, ಅಲರ್ಜಿಗೆ ಬರೆದುಕೊಡುವ ಪ್ರೆಡ್ನಿಸೊಲೋನ್ ಮಾತ್ರೆ ಇವೂ ಸ್ಪರ್ಧೆಯ ಸಮಯದಲ್ಲಿ ತೊಂದರೆಗೆ ಸಿಕ್ಕಿಸಬಲ್ಲವು. ಗೊತ್ತಿಲ್ಲದೆ ಕುಡಿದೆ, ಅಮ್ಮ ಕೊಟ್ಟರು ಎಂಬ ಮಾತು ಶಿಕ್ಷೆಯನ್ನು ತುಸು ಕಡಿಮೆ ಮಾಡಬಹುದೇ ಹೊರತು, ದೇಹದಲ್ಲಿ ಏನಿದೆಯೋ ಅದಕ್ಕೆ ಕ್ರೀಡಾಪಟುವೇ ಹೊಣೆ ಎಂಬ ನಿಯಮ ಬದಲಾಗುವುದಿಲ್ಲ.

ಹಾಗಾಗಿ ಮಗು ಬಳಸುವ ಪ್ರತಿಯೊಂದು ಔಷಧದ ಅಂಶಗಳ ಹೆಸರನ್ನು ಬರೆದಿಟ್ಟುಕೊಂಡು, ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ನಾಡಾ ಒದಗಿಸಿರುವ ಔಷಧ ಪರಿಶೀಲನೆಯ ಸೌಲಭ್ಯದಲ್ಲಿ ಹುಡುಕಿ ನೋಡಿ. ಇಲ್ಲಿ ಬ್ರಾಂಡ್ ಹೆಸರನ್ನು ನಂಬಬಾರದು, ಏಕೆಂದರೆ ಒಂದೇ ಹೆಸರಿನ ಸಿರಪ್ಪು ಒಂದೆರಡು ಅಕ್ಷರ ಸೇರಿದೊಡನೆ ಬೇರೆಯೇ ಔಷಧವಾಗಿರುತ್ತದೆ. ನಿಷೇಧಿತ ವಸ್ತುಗಳ ಪಟ್ಟಿಯ ಹೊಸ ಆವೃತ್ತಿ ಪ್ರತಿ ವರ್ಷ ಜನವರಿ 1ರಂದು ಜಾರಿಗೆ ಬರುವುದರಿಂದ ಕಳೆದ ವರ್ಷ ನೋಡಿದ್ದು ಈ ವರ್ಷಕ್ಕೆ ಸಾಲದು. ಮಧುಮೇಹದ ಮಗುವಿಗೆ ಇನ್ಸುಲಿನ್‌ನಂತೆ ನಿಷಿದ್ಧವಾದರೂ ಬಿಡಲಾಗದ ಔಷಧವಿದ್ದರೆ, ಅದನ್ನು ಬಳಸಲು ಅನುಮತಿ ಕೊಡುವ ಚಿಕಿತ್ಸಾ ವಿನಾಯಿತಿಗೆ ಕನಿಷ್ಠ 30 ದಿನ ಮುಂಚಿತವಾಗಿ, ವೈದ್ಯಕೀಯ ವರದಿಗಳ ಸಮೇತ ಅರ್ಜಿ ಹಾಕಬೇಕು. ಪ್ರೋಟೀನ್ ಪುಡಿ, ಏನೇನು ಬೆರೆಸಿದ್ದಾರೆಂದು ಲೇಬಲ್ ಹೇಳದ ಲೇಹ್ಯ, ಚೂರ್ಣಗಳನ್ನು ಚೀಲದಲ್ಲಿ ಇಡಲೇಬೇಡಿ. ಹದಿನೈದರ ಮಗುವಿಗೆ ಡಬ್ಬಿಯ ಪುಡಿಯಿಂದ ಸಿಗುವ ಲಾಭ ಆ ಅಪಾಯಕ್ಕೆ ತಕ್ಕದ್ದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸೂಜಿಯ ಮಾತೂ ಹೀಗೆಯೇ. 2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಸೂಜಿ ನಿಷೇಧದ ನಿಯಮ ಮುರಿದದ್ದಕ್ಕೆ ಭಾರತದ ಇಬ್ಬರು ಅಥ್ಲೀಟ್‌ಗಳನ್ನು ಮನೆಗೆ ಕಳುಹಿಸಲಾಯಿತು. ಸುಸ್ತಿಗೆಂದು ವಿಟಮಿನ್ ಇಂಜೆಕ್ಷನ್ ಹಾಕಿಸುವ ನಮ್ಮ ರೂಢಿ ಕ್ರೀಡಾಗ್ರಾಮದ ಬಾಗಿಲಲ್ಲೇ ನಿಲ್ಲಬೇಕು.

ಪರೀಕ್ಷೆಗೆ ಕರೆ ಬಂದರೆ ಏನಾಗುತ್ತದೆ ಎಂಬುದನ್ನು ಮಗುವಿಗೆ ಮನೆಯಲ್ಲೇ ವಿವರವಾಗಿ ಹೇಳಿಕೊಡಿ. ಸ್ಪರ್ಧೆ ಮುಗಿದೊಡನೆ ಸಿಬ್ಬಂದಿಯೊಬ್ಬರು ಬಂದು ಸಹಿ ಪಡೆಯುತ್ತಾರೆ. ಅಲ್ಲಿಂದ ಮುಂದೆ ಅವರ ಕಣ್ಣಳತೆ ಬಿಟ್ಟು ಹೋಗುವಂತಿಲ್ಲ. ಮೊಹರು ಹಾಕಿದ ಕಿಟ್‌ಗಳಲ್ಲಿ ಒಂದನ್ನು ಆರಿಸುವುದು, ಮೂತ್ರದ ಮಾದರಿಯನ್ನು ಎರಡು ಬಾಟಲಿಗಳಿಗೆ ಸುರಿಯುವುದು, ಮುಚ್ಚಳ ತಿರುಗಿಸಿ ಭದ್ರಪಡಿಸುವುದು, ಬಾಟಲಿಯ ಸಂಖ್ಯೆ ಫಾರಂನ ಸಂಖ್ಯೆಗೆ ತಾಳೆಯಾಗಿದೆಯೇ ನೋಡುವುದು, ಎಲ್ಲವನ್ನೂ ಮಗುವೇ ಮಾಡಬೇಕು. ಬೇಕಾಗುವುದು ಕನಿಷ್ಠ 90 ಮಿಲಿಲೀಟರ್. ಬೇಗ ಮುಗಿಯಲೆಂದು ಬಾಟಲಿಗಟ್ಟಲೆ ನೀರು ಕುಡಿದರೆ ಮಾದರಿ ತೆಳುವಾಗಿ, ಇನ್ನೊಮ್ಮೆ ಕೊಡುವವರೆಗೆ ಗಂಟೆಗಟ್ಟಲೆ ಕೂರಬೇಕಾಗುತ್ತದೆ. ಮಾದರಿ ಕೊಡುವಾಗ ಅದೇ ಲಿಂಗದ ಅಧಿಕಾರಿ ನೇರವಾಗಿ ನೋಡುತ್ತಿರುತ್ತಾರೆ ಎಂಬುದನ್ನು ಮೊದಲೇ ತಿಳಿಸದಿದ್ದರೆ ಮಗು ಅಲ್ಲಿ ಗಾಬರಿಯಾಗುವುದು ಸಹಜ. ಅಪ್ರಾಪ್ತರಿಗೆ ತಮ್ಮ ಪ್ರತಿನಿಧಿಯಾಗಿ ತಂಡದ ಹಿರಿಯರೊಬ್ಬರನ್ನು ಕರೆದೊಯ್ಯುವ ಹಕ್ಕಿದೆ. ಆ ಪ್ರತಿನಿಧಿ ಗಮನಿಸುವುದು ಅಧಿಕಾರಿಯ ನಡವಳಿಕೆಯನ್ನು. ಮಗು ತಾನಾಗಿ ಕೇಳದ ಹೊರತು ಮಾದರಿ ಕೊಡುವುದನ್ನಲ್ಲ. ಯಾರು ಪ್ರತಿನಿಧಿ ಎಂಬುದನ್ನು ಹೊರಡುವ ಮುನ್ನವೇ ನಿಶ್ಚಯಿಸಿ.

ರಕ್ಷಣೆಯ ಮಾತನ್ನೂ ಇದೇ ಸಂದರ್ಭದಲ್ಲಿ ಆಡಿಬಿಡಬೇಕು. ಫಿಸಿಯೊ ಚಿಕಿತ್ಸೆ ಮುಚ್ಚಿದ ಬಾಗಿಲ ಹಿಂದೆ ಒಬ್ಬರೇ ಇರುವಾಗ ನಡೆಯಬಾರದು, ಯಾವ ಹಿರಿಯರೂ ರಾತ್ರಿ ಕೋಣೆಗೆ ಕರೆಯಬಾರದು, ಕರೆದರೆ ಇಲ್ಲ ಎನ್ನುವುದು ಅವಿಧೇಯತೆಯಲ್ಲ ಎಂದು ಮಗುವಿಗೆ ಸ್ಪಷ್ಟವಾಗಿ ಹೇಳಿ. ದೂರು ಹೇಳಿಕೊಳ್ಳಲು ತಂಡದೊಳಗಿನ ಒಬ್ಬರ ಮತ್ತು ಕೂಟದ ಮಕ್ಕಳ ರಕ್ಷಣಾ ಅಧಿಕಾರಿಯ ವಿವರವನ್ನು ಕಾಗದದಲ್ಲಿ ಬರೆದು ಕೊಡಿ. ಫೋನ್ ಚಾರ್ಜ್ ಇಲ್ಲದಿದ್ದರೂ ಅದು ಕೈಯಲ್ಲಿರಬೇಕು.

ಕೊರಳಿಗೆ ಹಾಕುವ ಅಕ್ರೆಡಿಟೇಷನ್ ಕಾರ್ಡ್ ಇಲ್ಲದೆ ಊಟದ ಹಾಲ್, ಬಸ್ಸು, ಮೈದಾನ ಯಾವುದಕ್ಕೂ ಪ್ರವೇಶವಿಲ್ಲ. ಅದನ್ನು ಒಂದು ಕ್ಷಣಕ್ಕೂ ಬೇರೆಯವರ ಕೈಗೆ ಕೊಡಬಾರದು. ಪ್ಯಾರಿಸ್‌ನಲ್ಲಿ 19 ವರ್ಷದ ಕುಸ್ತಿಪಟುವೊಬ್ಬರ ಕಾರ್ಡ್ ಬಳಸಿ ಅವರ ಸಹೋದರಿ ಕ್ರೀಡಾಗ್ರಾಮಕ್ಕೆ ಹೋದದ್ದರಿಂದ ಆ ಕಾರ್ಡೇ ರದ್ದಾಯಿತು. ವೈಯಕ್ತಿಕ ಕೋಚ್‌ಗಳಿಗೆ ಕಾರ್ಡ್ ಸಿಗುವುದೇ ಕಷ್ಟ. ದಿನವೂ ಜೊತೆಗಿದ್ದ ಗುರು ಅಲ್ಲಿ ಇರಲಿಕ್ಕಿಲ್ಲ ಎಂಬುದಕ್ಕೆ ಮಗುವಿನ ಮನಸ್ಸನ್ನು ಮೊದಲೇ ಅಣಿಗೊಳಿಸಿ. ತಂಡದ ಕೋಚ್ ಜೊತೆ ಕೆಲವು ಅಭ್ಯಾಸಗಳಾದರೂ ಮುಂಚೆ ನಡೆಯಲಿ.

ಡಾಕರ್ ನಮಗಿಂತ ಐದೂವರೆ ಗಂಟೆ ಹಿಂದಿದೆ. ಅಲ್ಲಿನ ಸಂಜೆ 6ರ ಸ್ಪರ್ಧೆ ಎಂದರೆ ಮಗುವಿನ ದೇಹಕ್ಕೆ ರಾತ್ರಿ 11.30. ಹೊರಡುವ ಒಂದು ವಾರದ ಮೊದಲಿನಿಂದ ಮಲಗುವ, ಏಳುವ ಹೊತ್ತನ್ನು ದಿನಕ್ಕೆ ಅರ್ಧ ಗಂಟೆಯಂತೆ ಮುಂದಕ್ಕೆ ತಳ್ಳಿ, ಸಂಜೆ ಹೊತ್ತು ಬೆಳಕಿನಲ್ಲಿ ಇರುವಂತೆ ನೋಡಿಕೊಂಡರೆ ಹೊಂದಿಕೊಳ್ಳುವುದು ಸುಲಭ. ನಿಮ್ಮ ಫೋನ್ ಕರೆಗೂ ಇದೇ ಲೆಕ್ಕ ಬೇಕು: ಅಲ್ಲಿ ಬೆಳಿಗ್ಗೆ 7 ಆದಾಗ ಇಲ್ಲಿ ಮಧ್ಯಾಹ್ನ 12.30. ಆ ಹೊತ್ತಿಗೆ ದಿನಕ್ಕೊಂದೇ ಕರೆ ಎಂದು ನಿಶ್ಚಯಿಸಿ, ಬಂಧುಗಳೆಲ್ಲರ ಶುಭಾಶಯಗಳನ್ನು ನಿಮ್ಮ ಬಳಿಯೇ ತಡೆದಿಟ್ಟುಕೊಳ್ಳಿ. ಅಥ್ಲೆಟಿಕ್ಸ್‌ನಲ್ಲಿ ಸ್ಪರ್ಧೆಗೆ ಮುಂಚೆ ಕಾಲ್ ರೂಮಿನೊಳಕ್ಕೆ ಫೋನ್ ಒಯ್ಯುವಂತಿಲ್ಲ; ಸ್ಪೈಕ್ಸ್, ಬ್ಯಾಗಿನ ಮೇಲಿನ ಲೋಗೊ ಎಲ್ಲವನ್ನೂ ತಪಾಸಣೆ ಮಾಡಿ, ಎದುರಾಳಿಗಳ ನಡುವೆ ಸುಮ್ಮನೆ ಕೂರಿಸುತ್ತಾರೆ. ಫೋನಿಲ್ಲದೆ, ಹಾಡಿಲ್ಲದೆ ಅರ್ಧ ಗಂಟೆ ಕುರ್ಚಿಯಲ್ಲಿ ಕುಳಿತು ನೇರ ಓಟಕ್ಕೆ ಎದ್ದು ಹೋಗುವುದನ್ನು ಊರಿನ ಮೈದಾನದಲ್ಲೇ ಅಭ್ಯಾಸ ಮಾಡಿಸಬಹುದು.

ಊಟದ ಚಿಂತೆ ಬೇಡ. ಕ್ರೀಡಾಗ್ರಾಮದಲ್ಲಿ ಅನ್ನವೋ ಹಣ್ಣೋ ಮೊಟ್ಟೆಯೋ ಏನಾದರೂ ಸಿಕ್ಕೇ ಸಿಗುತ್ತದೆ. ಸ್ಪರ್ಧೆಯ ದಿನ ಹೊಸ ತಿಂಡಿ ಮುಟ್ಟಬಾರದು ಎಂಬ ಒಂದು ಮಾತು ಸಾಕು.

ಪೋಷಕರು ಸ್ವಂತ ಖರ್ಚಿನಲ್ಲಿ ಹೋಗಬಹುದು. ಆದರೆ ಗ್ರಾಮದೊಳಗೆ ಉಳಿಯುವಂತಿಲ್ಲ, ಭೇಟಿಗೂ ತಂಡದ ವ್ಯವಸ್ಥಾಪಕರ ಅನುಮತಿ ಬೇಕು. ಮಗುವಿನ ಸ್ಪರ್ಧೆಗಳೆಲ್ಲ ಮುಗಿಯುವವರೆಗೆ ಗ್ಯಾಲರಿಯಲ್ಲಷ್ಟೇ ಕಾಣಿಸಿಕೊಳ್ಳುವುದು ಲೇಸು. ಪದಕದ ಮಾತನ್ನೂ ಆಮೇಲೆಯೇ ಆಡಬೇಕು. ಪ್ಯಾರಿಸ್‌ನ 200 ಮೀಟರ್ ಫ್ರೀಸ್ಟೈಲ್‌ನಲ್ಲಿ ಧಿನಿಧಿ 23ನೇ ಸ್ಥಾನ ಪಡೆದರು. 14ರ ಹುಡುಗಿಗೆ ಅದು ಸೋಲಲ್ಲ ಎಂಬುದು ಈಜು ಬಲ್ಲವರಿಗೆಲ್ಲ ಗೊತ್ತು. ಹೊರಡುವ ಮುನ್ನ ಕೋಚ್ ಜೊತೆ ಕುಳಿತು ಗುರಿಯನ್ನು ಸ್ಥಾನದ ಬದಲು ಸಮಯದಲ್ಲಿ ಅಥವಾ ದೂರದಲ್ಲಿ ಬರೆದಿಟ್ಟುಕೊಳ್ಳಿ.

ಮರಳಿದ ಮೇಲೆ ವಿಮಾನ ನಿಲ್ದಾಣದ ಹಾರ, ಶಾಲೆಯ ಸನ್ಮಾನ, ತಾಲ್ಲೂಕಿನ ಮೆರವಣಿಗೆ ಸರದಿಯಲ್ಲಿ ಕಾದಿರುತ್ತವೆ. ಮೊದಲ ನಾಲ್ಕೈದು ದಿನ ನಿದ್ದೆಗೆಂದು ಬಿಟ್ಟುಕೊಟ್ಟು, ಉಳಿದವುಗಳಿಗೆ ಒಂದೇ ಭಾನುವಾರ ಗೊತ್ತುಪಡಿಸಿ. ತಪ್ಪಿದ ಪರೀಕ್ಷೆಗಳ ಬಗ್ಗೆ ಶಾಲೆಗೆ ಕೊಡುವ ಮನವಿಗೆ ಕ್ರೀಡಾ ಸಂಸ್ಥೆಯ ಪತ್ರ ಮತ್ತು ಭಾಗವಹಿಸಿದ ಪ್ರಮಾಣಪತ್ರದ ಪ್ರತಿ ಲಗತ್ತಿಸಿ. ಉದ್ದೀಪನ ಮದ್ದು ಪರೀಕ್ಷೆ ಆಗಿದ್ದರೆ ಅದರ ಫಾರಂನ ಪ್ರತಿಯನ್ನೂ, ಪ್ರವಾಸದಲ್ಲಿ ತೆಗೆದುಕೊಂಡ ಔಷಧಗಳ ಪಟ್ಟಿಯನ್ನೂ ಲಸಿಕೆಯ ಕಾರ್ಡ್ ಇರುವ ಕಡತದಲ್ಲೇ ಇಡಿ. ಮುಂದಿನ ಕೂಟಕ್ಕೆ ಆಯ್ಕೆಯಾದಾಗ ಮೊದಲು ತೆಗೆಯಬೇಕಾದದ್ದು ಅದೇ ಕಡತ.