ಕ್ಯಾಂಪರ್ ಗಾಡಿಯ ಏರ್ ಫಿಲ್ಟರ್: ನಾನು ಯಾವಾಗ ಬದಲಿಸುತ್ತೇನೆ

ಮ್ಯಾನುಯಲ್‌ನಲ್ಲಿ ಬರೆದ ಕಿಲೋಮೀಟರ್ ನೋಡಿ ಏರ್ ಫಿಲ್ಟರ್ ಬದಲಿಸುವುದು ದಿನಾ ಬಾಡಿಗೆ ಓಡುವ ಟೆಂಪೋಗೆ ಸರಿ. ಮೋಟರ್‌ಹೋಮ್‌ಗೆ ಆ ಲೆಕ್ಕ ಹೊಂದುವುದಿಲ್ಲ. ನಮ್ಮದು ಟ್ರಾವೆಲರ್ ವ್ಯಾನಿನ ಮೇಲೆ ಕಟ್ಟಿಸಿದ ಕ್ಯಾಂಪರ್. ಹಾಸಿಗೆ, ಒಲೆ, ನೀರಿನ ಟ್ಯಾಂಕು, ಬ್ಯಾಟರಿ ಎಲ್ಲ ಸೇರಿ ಹೊರಟಾಗೆಲ್ಲ ಲೋಡ್ ಹೊತ್ತೇ ಹೊರಡುತ್ತದೆ. ಆದರೆ ವರ್ಷದಲ್ಲಿ ಜಾಸ್ತಿ ದಿನ ಶಿರಸಿಯ ಮನೆ ಹಿಂದಿನ ಶೆಡ್ಡಿನಲ್ಲಿ ಸುಮ್ನೆ ನಿಂತಿರುತ್ತದೆ. ಮೀಟರ್ ಓಡುವುದಿಲ್ಲ, ಫಿಲ್ಟರ್ ಮಾತ್ರ ಹಳತಾಗುತ್ತಲೇ ಇರುತ್ತದೆ. ಅದಕ್ಕೇ ನಾನು ಕಿಲೋಮೀಟರ್ ಬಿಟ್ಟು, ಗಾಳಿ ಎಳೆಯಲು ಇಂಜಿನ್ ಎಷ್ಟು ಕಷ್ಟಪಡುತ್ತಿದೆ ಅಂತ ನೋಡುತ್ತೇನೆ. ಜೊತೆಗೆ ತಾರೀಕು, ಮತ್ತೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಥಂಡಿ, ಅಂದರೆ ಗಾಳಿಯ ತೇವ.

ಸಣ್ಣ ಲೆಕ್ಕ ಒಂದಿದೆ. 2.6 ಲೀಟರಿನ ಇಂಜಿನ್ 2,500 ಆರ್‌ಪಿಎಮ್‌ನಲ್ಲಿ ತಿರುಗಿದರೆ ಟರ್ಬೊ (ಇಂಜಿನ್‌ಗೆ ಗಾಳಿ ಒತ್ತಿ ತುಂಬಿಸುವ ಭಾಗ) ಇಲ್ಲದೆಯೇ ನಿಮಿಷಕ್ಕೆ ಸುಮಾರು 3,250 ಲೀಟರ್ ಗಾಳಿ ಎಳೆಯುತ್ತದೆ. ಟರ್ಬೊ ಒತ್ತಲು ಶುರು ಮಾಡಿದರೆ ಇನ್ನೂ ಜಾಸ್ತಿ. ಅಷ್ಟೂ ಗಾಳಿ ಫಿಲ್ಟರಿನ ಆ ಮಡಿಕೆ ಮಡಿಕೆ ಕಾಗದದ ಮೂಲಕವೇ ಹೋಗಬೇಕು. ಅದು ಕಟ್ಟಿಕೊಂಡಿದೆಯೋ ಇಲ್ಲವೋ ಅಂತ ಬರೀ ಕಣ್ಣಿನಿಂದ ಹೇಳುವುದು ಕಷ್ಟ.

ಬಣ್ಣವಂತೂ ನಂಬಲೇಬೇಡಿ. ನಮ್ಮ ಕಡೆ ಮಣ್ಣು ಕೆಂಪು. ರಸ್ತೆ ಅಗಲ ಮಾಡುವ ಕೆಲಸ ನಡೆಯುತ್ತಿರುವಲ್ಲಿ ನಾಲ್ಕು ಸಲ ಓಡಾಡಿದರೆ ಸಾಕು, ಫಿಲ್ಟರ್ ಚಿರೇಕಲ್ಲಿನ ಬಣ್ಣಕ್ಕೆ ತಿರುಗುತ್ತದೆ. ನೋಡಿದರೆ ಗಾಬರಿ ಆಗುತ್ತದೆ, ಗಾಳಿ ಮಾತ್ರ ಆರಾಮಾಗಿ ಹೋಗುತ್ತಿರುತ್ತದೆ. ಅದೇ ಅರಬೈಲ್ ಘಟ್ಟದಲ್ಲಿ ಲಾರಿಗಳ ಹಿಂದೆ ತೆವಳಿಕೊಂಡು ಹತ್ತುವಾಗ ಒಳಗೆ ಹೋಗುವ ಹೊಗೆಯ ಮಸಿ ಬಹಳ ನುಣ್ಣನೆಯ ಪುಡಿ. ತೂಕದಲ್ಲಿ ಏನೂ ಇಲ್ಲ, ಆದರೆ ಕಾಗದದ ಸಣ್ಣ ರಂಧ್ರಗಳನ್ನು ಧೂಳಿಗಿಂತ ಬೇಗ ಮುಚ್ಚುತ್ತದೆ. ಬೇಲೇಕೇರಿ ಬಂದರಿಗೆ ಅದಿರು ಲಾರಿ ಓಡುತ್ತಿದ್ದ ಕಾಲ ನೆನಪಿದ್ದವರಿಗೆ ಕೆಂಪು ಧೂಳು ಅಂದರೇನು ಅಂತ ಹೇಳಬೇಕಾಗಿಲ್ಲ. 2010ರಲ್ಲಿ ಅದಿರು ರಫ್ತು ನಿಂತ ಮೇಲೆ ಅದೊಂದು ಕಾಟ ತಪ್ಪಿತು.

ಹಾಗಾದರೆ ತಿಳಿಯುವುದು ಹೇಗೆ? ನಾನು ಫಿಲ್ಟರ್ ಡಬ್ಬಿಗೂ ಟರ್ಬೊಗೂ ನಡುವಿನ ಪೈಪಿಗೆ ಒಂದು ಇಂಡಿಕೇಟರ್ ಹಾಕಿಸಿದ್ದೇನೆ. ಹೆಬ್ಬೆರಳಿನಷ್ಟು ದೊಡ್ಡದು, ಪಾರದರ್ಶಕ ಪ್ಲಾಸ್ಟಿಕ್ಕು. ಒಳಗೆ ಒಂದು ಬಣ್ಣದ ಪಟ್ಟಿ ಇರುತ್ತದೆ. ಫಿಲ್ಟರ್ ಕಟ್ಟಿದಷ್ಟೂ ಪೈಪಿನಲ್ಲಿ ಎಳೆತ ಜಾಸ್ತಿಯಾಗಿ ಪಟ್ಟಿ ಮುಂದೆ ಸರಿಯುತ್ತದೆ, ಇಂಜಿನ್ ಆಫ್ ಮಾಡಿದರೂ ಅಲ್ಲೇ ಹಿಡಿದು ನಿಲ್ಲುತ್ತದೆ. ತುದಿಯ ಬಟನ್ ಒತ್ತಿದರೆ ಮತ್ತೆ ಸೊನ್ನೆ. ಅಮೆರಿಕದ ದೊಡ್ಡ ಡೀಸೆಲ್ ಮೋಟರ್‌ಹೋಮ್‌ಗಳಲ್ಲಿ ಇಂಥದ್ದು ಸಾಮಾನ್ಯ. ನಮ್ಮಲ್ಲಿ ಲಾರಿ, ಜೆಸಿಬಿ, ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಅದರ ಅಂಕಿ ನೀರಿನ ಇಂಚಿನ ಲೆಕ್ಕದಲ್ಲಿರುತ್ತದೆ, ಅಂದರೆ ಆ ಎಳೆತ ಕೊಳವೆಯಲ್ಲಿ ನೀರನ್ನು ಎಷ್ಟು ಇಂಚು ಮೇಲೆತ್ತಬಲ್ಲದು ಅಂತ. ಟರ್ಬೊ ಡೀಸೆಲ್‌ಗೆ 25 ಇಂಚು ಅಂದರೆ ಬದಲಿಸುವ ಹೊತ್ತು ಅಂತ ಸಾಮಾನ್ಯವಾಗಿ ಹಿಡಿಯುತ್ತಾರೆ, ನಿಮ್ಮ ಇಂಜಿನ್ ಕಂಪನಿ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ನೋಡಿ.

ಇಲ್ಲೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಗಾಡಿ ನಿಲ್ಲಿಸಿಕೊಂಡು ರೇಸ್ ಮಾಡಿದರೆ ಇಂಡಿಕೇಟರ್ ನಿಜ ಹೇಳುವುದಿಲ್ಲ. ಇಂಜಿನ್ ಉಸಿರು ಬಿಗಿಹಿಡಿದು ಎಳೆಯಬೇಕು, ಆಗಲೇ ಸರಿಯಾದ ಅಂಕಿ ಬರುವುದು. ನನಗೆ ಅದಕ್ಕೆ ದೇವಿಮನೆ ಘಟ್ಟ ಇದೆ. ಕುಮಟಾದಲ್ಲಿ ಬಟನ್ ಒತ್ತಿ ಸೊನ್ನೆ ಮಾಡಿ, ಟ್ಯಾಂಕಿನಲ್ಲಿ ನೀರು ತುಂಬಿಸಿಕೊಂಡು, ಘಟ್ಟದಲ್ಲಿ ರಸ್ತೆ ಖಾಲಿ ಸಿಕ್ಕ ಏರಿನಲ್ಲಿ ಎಕ್ಸಲೇಟರ್ ಪೂರ್ತಿ ಒತ್ತಿ ಹತ್ತಿಸುತ್ತೇನೆ. ಮೇಲೆ ಬಂದು ಬಾನೆಟ್ ಎತ್ತಿ ಅಂಕಿ ಬರೆದುಕೊಳ್ಳುತ್ತೇನೆ. ಹೊಸ ಫಿಲ್ಟರ್ ಹಾಕಿದ ಕೂಡಲೇ ಅದೇ ಘಟ್ಟದಲ್ಲಿ ಒಂದು ಸಲ ಹೀಗೆ ಬರೆದಿಟ್ಟುಕೊಂಡರೆ, ಆಮೇಲೆ ಎಷ್ಟು ಏರಿದೆ ಅಂತ ಹೋಲಿಸಬಹುದು. ಕಪ್ಪು ಹೊಗೆ, ಘಟ್ಟದಲ್ಲಿ ಪಿಕಪ್ ಇಲ್ಲದಿರುವುದು, ಟರ್ಬೊ ಶಿಳ್ಳೆ ಜೋರಾಗುವುದು ಇವೆಲ್ಲ ಬಹಳ ತಡವಾಗಿ ಬರುವ ಲಕ್ಷಣಗಳು. ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ಪೈಪ್ ಲೀಕ್ ಆದರೂ ಹಾಗೆಯೇ ಆಗುತ್ತದೆ, ಅಲ್ವಾ?

ಇನ್ನು ಗಾಳಿ ಹೊಡೆಯುವ ಚಟ. ಯಾವ ಗ್ಯಾರೇಜಿಗೆ ಹೋದರೂ ಇದೇ ಮಾತು: 'ಭಟ್ರೇ, ಇನ್ನೂ ಚೊಲೋ ಇದೆ, ಒಂದು ಸಲ ಗಾಳಿ ಹೊಡೆದು ಕೊಡ್ತೆ.' 'ಬೇಡ ಮಾರಾಯಾ, ಹಾಗೇ ಬಿಡು' ಅಂತ ನಾನು ತಡೆಯುತ್ತೇನೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯನ್ನು ಹತ್ತಿರದಿಂದ ಹೊಡೆದರೆ ಕಾಗದದಲ್ಲಿ ಸಣ್ಣ ತೂತು ಬೀಳಬಹುದು, ಕಣ್ಣಿಗೆ ಕಾಣುವುದಿಲ್ಲ. ನೆಲಕ್ಕೆ ಬಡಿದರೆ ಅಂಚು ಡೊಂಕಾಗಿ ಸೀಲ್ ಸರಿಯಾಗಿ ಕೂರುವುದಿಲ್ಲ. ಇನ್ನೊಂದು ಮಜಾ ಏನೆಂದರೆ, ಸ್ವಲ್ಪ ಧೂಳು ಕೂತ ಫಿಲ್ಟರ್ ಹೊಚ್ಚಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ. ಕೂತ ಧೂಳೇ ದೊಡ್ಡ ರಂಧ್ರಗಳನ್ನು ಮುಚ್ಚಿ ಹೊಸ ಧೂಳನ್ನು ಹಿಡಿಯುತ್ತದೆ. ಮೇಲಾಗಿ ಡಬ್ಬಿ ತೆರೆದಾಗೆಲ್ಲ ಒಂದಿಷ್ಟು ಪುಡಿ ಟರ್ಬೊ ಕಡೆಗೆ ಉದುರುವ ಅಪಾಯ ಇದ್ದೇ ಇದೆ. ಹೊಸ ಫಿಲ್ಟರಿಗೆ ಅರ್ಧ ಟ್ಯಾಂಕ್ ಡೀಸೆಲ್ ಹಾಕಿಸುವ ದುಡ್ಡೂ ಆಗುವುದಿಲ್ಲ. ಟರ್ಬೊ ರಿಪೇರಿ ಬಿಲ್ ನೋಡಿದವರು ಗಾಳಿ ಹೊಡೆಸಿ ಉಳಿತಾಯ ಮಾಡುವ ಮಾತೇ ಆಡುವುದಿಲ್ಲ.

ಈಗ ಮಳೆಗಾಲಕ್ಕೆ ಬರುತ್ತೇನೆ, ನಮ್ಮ ಜಿಲ್ಲೆಯಲ್ಲಿ ನಿಜವಾದ ತಲೆಬಿಸಿ ಇರುವುದೇ ಇಲ್ಲಿ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಬೀಳುತ್ತದೆ. ಬೇಸಿಗೆಯ ಧೂಳು ತುಂಬಿದ ಫಿಲ್ಟರ್ ಜೂನ್‌ನಲ್ಲಿ ಥಂಡಿ ಎಳೆದುಕೊಂಡರೆ ಒಳಗಿನ ಧೂಳು ಕೆಸರಾಗಿ ಅಂಟುತ್ತದೆ. ಮೇ ತಿಂಗಳಲ್ಲಿ ಏನೂ ತಕರಾರು ಮಾಡದ ಗಾಡಿ ಆಗ ಏಕ್‌ದಮ್ ಏದುಸಿರು ಬಿಡುತ್ತದೆ. ಹೆದ್ದಾರಿ 66ರಲ್ಲಿ ಲಾರಿ ಎರಚುವ ನೀರಿನ ಹಿಂದೆ ಅಂಕೋಲಾದಿಂದ ಕಾರವಾರದವರೆಗೆ ಹೋದರೆ ಡಬ್ಬಿಯೊಳಗೂ ನೀರಿನ ಪಸೆ ಕಾಣುತ್ತದೆ. ನೀರು ಕುಡಿದ ಕಾಗದ ಶ್ರಾವಣದಲ್ಲಿ ಡಬ್ಬಿ ಮುಚ್ಚಳ ತೆರೆದಿಟ್ಟ ಹಲಸಿನ ಹಪ್ಪಳದ ಹಾಗೆ ಮೆತ್ತಗಾಗುತ್ತದೆ. ಒಣಗಿದ ಮೇಲೂ ಮಡಿಕೆಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಅಂಥದ್ದನ್ನು ಬಿಸಿಲಿಗಿಟ್ಟು ಮತ್ತೆ ಹಾಕುವವರಿದ್ದಾರೆ. ನಾನು ಹಾಕುವುದಿಲ್ಲ, ಇಂಡಿಕೇಟರ್ ಏನೇ ಹೇಳಲಿ.

ಹಾಗಾಗಿ ಮಳೆಗಾಲದಲ್ಲೂ ತಿರುಗಾಡುವ ಯೋಚನೆ ಇದ್ದರೆ ಮೇ ಕೊನೆಗೇ ಹೊಸದು ಹಾಕುತ್ತೇನೆ. ಗಾಡಿ ಶೆಡ್ಡಿನಲ್ಲೇ ನಿಲ್ಲುವುದಾದರೆ ಹಳೆಯದನ್ನೇ ಬಿಟ್ಟು, ದೀಪಾವಳಿ ಹೊತ್ತಿಗೆ ಮಳೆ ಪೂರ್ತಿ ಹಿಂದೆ ಸರಿದ ಮೇಲೆ ನೋಡುತ್ತೇನೆ. ಹೊಸ ಕಾಗದವನ್ನು ನಾಲ್ಕು ತಿಂಗಳು ಸುಮ್ನೆ ಥಂಡಿಗೆ ಯಾಕೆ ಒಡ್ಡಬೇಕು? ಆದರೆ ಎಷ್ಟೇ ಕಮ್ಮಿ ಓಡಿರಲಿ, ಇಂಡಿಕೇಟರ್ ಕೆಳಗೇ ಇರಲಿ, ಎರಡು ವರ್ಷಕ್ಕಿಂತ ಹೆಚ್ಚು ಇಡುವುದಿಲ್ಲ. ಕಾಗದ, ಅಂಟು, ರಬ್ಬರ್ ಸೀಲ್ ಎಲ್ಲಕ್ಕೂ ವಯಸ್ಸಾಗುತ್ತದೆ. ಹಾಕಿದ ತಾರೀಕನ್ನು ಡಬ್ಬಿಯ ಮೇಲೆ ಮಾರ್ಕರಿನಲ್ಲಿ ಬರೆದಿರುತ್ತೇನೆ.

ಶೆಡ್ಡಿನ ಗಾಡಿಗೆ ಇಲಿ ಕಾಟ ಬೇರೆ. ಒಮ್ಮೆ ಕ್ಲಿಪ್ ತೆಗೆದು ಮುಚ್ಚಳ ಎತ್ತಿದರೆ ಒಳಗೆ ಒಣಗಿದ ಅಡಿಕೆ ಸಿಪ್ಪೆ, ಹಾಸಿಗೆಯ ಸ್ಪಂಜಿನ ಚೂರು, ಪೇಪರ್ ತುಣುಕು ಸೇರಿಸಿ ಒಳ್ಳೆ ಗೂಡೇ ಕಟ್ಟಿತ್ತು. ಪುಣ್ಯಕ್ಕೆ ಅದು ಫಿಲ್ಟರಿನ ಈಚೆ, ಧೂಳು ಬರುವ ಬದಿಯಲ್ಲಿತ್ತು. ಈಗ ನಿಲ್ಲಿಸುವಾಗ ಗಾಳಿ ಎಳೆಯುವ ಬಾಯಿಗೆ ತಂತಿ ಜಾಳಿಗೆ ಕಟ್ಟುತ್ತೇನೆ, ಹೊರಡುವ ಮೊದಲು ಬಿಚ್ಚುವುದು ನೆನಪಿರಲಿ ಅಂತ ಸ್ಟೇರಿಂಗಿಗೆ ಒಂದು ಕೆಂಪು ಬಟ್ಟೆ.

ಬದಲಿಸುವಾಗ ಫಿಲ್ಟರಿಗಿಂತ ಜಾಸ್ತಿ ಹೊತ್ತು ನಾನು ಕಳೆಯುವುದು ಡಬ್ಬಿ ಮತ್ತು ಪೈಪಿನ ಮೇಲೆ. ಕಾರವಾರದ ಟ್ಯಾಗೋರ್ ಬೀಚು, ಮಾಜಾಳಿ, ಗೋಕರ್ಣ ಅಂತ ಕಡಲ ದಂಡೆಯಲ್ಲಿ ನಿಲ್ಲಿಸಿದ ಗಾಡಿಯ ಸ್ಪ್ರಿಂಗ್ ಕ್ಲಿಪ್ಪುಗಳು ಉಪ್ಪುಗಾಳಿಗೆ ತುಕ್ಕು ಹಿಡಿದು ಬಿಗಿ ಕಳೆದುಕೊಳ್ಳುತ್ತವೆ. ಒಂದು ಕ್ಲಿಪ್ ಸಡಿಲ ಆದರೂ ಧೂಳು ಫಿಲ್ಟರನ್ನು ಬಿಟ್ಟು ಪಕ್ಕದಿಂದ ನುಗ್ಗುತ್ತದೆ. ಹಳೆ ಪಂಚೆಯ ಬಿಳಿ ಬಟ್ಟೆ ಸುತ್ತಿದ ಬೆರಳನ್ನು ಟರ್ಬೊ ಕಡೆಗೆ ಹೋಗುವ ಪೈಪಿನ ಒಳಗೆ ಒಂದು ಸುತ್ತು ತಿರುಗಿಸಿ. ಬಟ್ಟೆ ಸ್ವಚ್ಛ ಬಂದರೆ ಸರಿ. ಕೆಂಪು ಪುಡಿ ಬಂದರೆ ಹೊಸ ಫಿಲ್ಟರ್ ಹಾಕಿ ಏನೂ ಉಪಯೋಗ ಇಲ್ಲ, ಮೊದಲು ಕ್ಲಾಂಪ್ ಮತ್ತು ಹೋಸಿನ ಬಿರುಕು ಹುಡುಕಬೇಕು. ಆ ಪುಡಿ ಸಿಲಿಂಡರಿನಲ್ಲಿ ಉಜ್ಜಿ ಉಜ್ಜಿ ಲೈನರ್ ಮತ್ತು ರಿಂಗ್ ಸವೆಸುತ್ತದೆ, ಆಮೇಲೆ ಇಂಜಿನ್ ಆಯಿಲ್ ಕುಡಿಯಲು ಶುರು. ಡಬ್ಬಿಯ ತಳದಲ್ಲಿ ರಬ್ಬರ್ ತುಟಿ ಇದ್ದರೆ ಆಗಾಗ ಹಿಂಡಿ, ಧೂಳು ಬೀಳುತ್ತದೆ, ಮಳೆಯಲ್ಲಾದರೆ ನೀರೂ ಬರುತ್ತದೆ.

ಹೊಸ ಫಿಲ್ಟರ್ ಕೊಳ್ಳುವಾಗ ಒಳಗೆ ಟಾರ್ಚ್ ಬಿಟ್ಟು ಕತ್ತಲಲ್ಲಿ ನೋಡಿ. ಬೆಳಕಿನ ಚುಕ್ಕೆ ಎಲ್ಲಾದರೂ ಕಂಡರೆ ವಾಪಸ್ ಕೊಡಿ. ಜನರೇಟರ್ ಇದ್ದವರು ಅದರ ಫಿಲ್ಟರ್ ಬೇರೆ ಇದೆ ಅಂತ ಮರೆಯಬೇಡಿ. ಸಣ್ಣ ಪೆಟ್ರೋಲ್ ಜನರೇಟರ್‌ನಲ್ಲಿ ಹೆಚ್ಚಾಗಿ ಸ್ಪಂಜಿನದ್ದು ಇರುತ್ತದೆ. ಅದನ್ನು ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಸ್ವಲ್ಪ ಎಣ್ಣೆ ಹಚ್ಚಿ ಹಿಂಡಿ ಹಾಕಬಹುದು. ಕಾಗದದ್ದನ್ನು ಮಾತ್ರ ತೊಳೆಯಬೇಡಿ.

ಒಂದು ಸ್ಪೇರ್ ಫಿಲ್ಟರ್ ಯಾವಾಗಲೂ ಗಾಡಿಯಲ್ಲಿರುತ್ತದೆ. ಕವರ್ ಒಡೆಯದೆ ಮೇಲಿನ ಕಪಾಟಿನಲ್ಲಿಡುತ್ತೇನೆ. ಹಾಸಿಗೆ ಕೆಳಗೆ ಜಾಗ ಜಾಸ್ತಿ ಇದೆ, ಆದರೆ ಅಲ್ಲಿ ನೀರಿನ ಟ್ಯಾಂಕು.