ದಸರಾಕ್ಕೆ ಮುಂಚೆ ಕುಂಬಳ ಇಳಿಸಿದ್ದು ಹೀಗೆ: ನನ್ನ ಅನುಭವ

ಎರೆ ಹೊಲದಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಸಿಹಿಗುಂಬಳ ಹಾಕಿದವರಿಗೆಲ್ಲ ಈ ಗೋಳು ಗೊತ್ತು. ಬಳ್ಳಿ ಬದು ದಾಟಿ ಪಕ್ಕದವರ ಹೊಲಕ್ಕೆ ನುಗ್ಗಿರುತ್ತದೆ, ಎಲೆ ಕಪ್ಪು ಹಸಿರು, ಹೂ ಮಾತ್ರ ಇಲ್ಲ. ಬಂದರೂ ಬರೀ ಗಂಡು ಹೂ. ಕಾಯಿ ಕಟ್ಟುವ ಹೆಣ್ಣು ಹೂ ಮುಖ ತೋರಿಸುವ ಹೊತ್ತಿಗೆ ಹಬ್ಬದ ಮಾರುಕಟ್ಟೆ ಕೈ ತಪ್ಪಿರುತ್ತದೆ. ಸವಣೂರು ಸೀಮೆಯ ನಮ್ಮ ಹೊಲದಲ್ಲಿ ಎರಡು ಹಂಗಾಮು ಹೀಗೇ ಆಯಿತು. ಹೋದ ಮುಂಗಾರಿನಲ್ಲಿ ಮಾತ್ರ ದಸರಾಕ್ಕೆ ವಾರ ಇರುವಾಗಲೇ ಗಾಡಿ ತುಂಬಿದೆ. ನಾನು ಬಳ್ಳಿಯ ಕುಡಿ ಚಿವುಟುವಾಗ ನಕ್ಕವರೇ ಈಗ ಮನೆಗೆ ಬಂದು ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಬರೆದೇ ಬಿಡೋಣ ಅನ್ನಿಸಿತು.

ಮೊದಲು ದುಡ್ಡಿನ ಮಾತು. ದಸರಾ, ಶೀಗಿ ಹುಣ್ಣಿಮೆ, ದೀಪಾವಳಿ ಒಂದರ ಹಿಂದೊಂದು ಬರುತ್ತವೆ. ಆ ಹೊತ್ತಿಗೆ ಕಾಯಿ ಇದ್ದವನೇ ರಾಜ. ಹೂ ಕಚ್ಚಿದ ಮೇಲೆ ಕಾಯಿ ಬಲಿಯಲು 40-45 ದಿನ ಬೇಕೇ ಬೇಕು, ಅಲ್ವಾ? ಅಂದರೆ ಆಗಸ್ಟ್ ಮಧ್ಯದೊಳಗೆ ಕಾಯಿ ಕಟ್ಟಬೇಕು. ಹಿಂದಿನ ಹಂಗಾಮಿನಲ್ಲಿ ನಮ್ಮ ಹೆಣ್ಣು ಹೂ ಶುರುವಾಗಿದ್ದೇ ಸೆಪ್ಟೆಂಬರ್ ಮುಗಿಯುವಾಗ. ಕಾಯಿ ಇಳಿಸುವಾಗ ಹಬ್ಬ ಎಲ್ಲ ಮುಗಿದು ಕಿಲೋಗೆ 5-6 ರೂಪಾಯಿ. ಎಕರೆಗೆ 28 ಸಾವಿರದ ಹತ್ತಿರ ಸುರಿದಿದ್ದೆ, ಕೈಗೆ ಬಂದದ್ದು 22 ಸಾವಿರ ಇರಬಹುದು. ಅದರಲ್ಲೂ ಹುಬ್ಬಳ್ಳಿಗೆ ಗಾಡಿ ಬಾಡಿಗೆ, ಹಮಾಲಿ ಬೇರೆ.

ಹೂ ಬರಲಿ ಅಂತ ಮಾಡದ ಉಪಾಯ ಇಲ್ಲ. ಅಂಗಡಿಯವರೊಬ್ಬರು ಹೂ ಬಿಡಿಸುವ ಟಾನಿಕ್ ಅಂತ ಒಂದು ಬಾಟಲಿ ಕೊಟ್ಟರು, 900 ರೂಪಾಯಿ. ಹೊಡೆದ ವಾರಕ್ಕೆ ಎಲೆ ಇನ್ನೂ ಅಗಲ ಆಯಿತು. ಇನ್ನೊಬ್ಬರ ಮಾತು ಕೇಳಿ ಮತ್ತೊಂದು ಸುತ್ತು ಯೂರಿಯಾ. ಚೀಲಕ್ಕೆ 270 ರೂಪಾಯಿ ಒಳಗೇ ಸಿಗುತ್ತದಲ್ಲ, ಅಗ್ಗ ಅಂತ ಕೈ ಬಿಚ್ಚಿ ಹಾಕುತ್ತೇವೆ. ಬಳ್ಳಿ ಮತ್ತೆ ಮೂರು ಮಾರು ಓಡಿತು. ಊರ ಹಿರಿಯರೊಬ್ಬರು ದೃಷ್ಟಿ ಆಗಿದೆ, ಹಳೇ ಚಪ್ಪಲಿ ಕಟ್ಟು ಅಂದರು. ಊರ ದೃಷ್ಟಿಯೆಲ್ಲ ತೆಗೆಯೋದು ಕುಂಬಳ, ಅದಕ್ಕೇ ದೃಷ್ಟಿ ಆಗುತ್ತಾ? ಆದರೂ ಕಟ್ಟಿದೆ. ಚಪ್ಪಲಿ ಇನ್ನೂ ಬೇಲಿಯಲ್ಲೇ ಇದೆ.

ಆಮೇಲೆ ಕೂತು ಯೋಚನೆ ಮಾಡಿದೆ. ಆ ಹೊಲದಲ್ಲಿ ಗೊಬ್ಬರಕ್ಕೆ ಅಂತ ಬೇಸಿಗೆ ತುಂಬ ಕುರಿ ನಿಲ್ಲಿಸಿದ್ದೆವು. ಮೇಲೆ ಯೂರಿಯಾ. ಕೆಳಗೆ ನೀರು ಹಿಡಿದಿಡುವ ಎರೆ. ಜುಲೈ ಪೂರ್ತಿ ಜಿಟಿಜಿಟಿ ಮಳೆ. ಹೊಟ್ಟೆ ತುಂಬಿದ ಮಗನಿಗೆ ದುಡಿ ಅಂದರೆ ದುಡಿಯುತ್ತಾನಾ? ಬಳ್ಳಿಗೆ ಕಡಿಮೆ ಏನೂ ಆಗಿರಲಿಲ್ಲ, ಜಾಸ್ತಿ ಆಗಿತ್ತು. ಜೊತೆಗೆ ಜೂನ್-ಜುಲೈನಲ್ಲಿ ಹಗಲು ಉದ್ದ, ಸೆಕೆಯೂ ಇರುತ್ತದೆ. ಆಗ ಗಂಡು ಹೂ ಜಾಸ್ತಿ, ಹೆಣ್ಣು ಹೂ ತಡ. ಹಗಲು ಗಿಡ್ಡ ಮಾಡೋದು ನಮ್ಮ ಕೈಲಿಲ್ಲ. ಹೊಟ್ಟೆ ಕಟ್ಟಿಸೋದು ನಮ್ಮ ಕೈಲಿದೆ.

ಹೋದ ವರ್ಷ ಕುರಿ ನಿಲ್ಲಿಸದ ಹೊಲ ಆರಿಸಿಕೊಂಡೆ. ತಳಿ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್. ಕಾಯಿ ಎರಡರಿಂದ ಮೂರು ಕಿಲೋ, ಚಿಕ್ಕ ಸಂಸಾರದವರೂ ಇಡೀ ಕಾಯಿ ಕೊಳ್ಳುತ್ತಾರೆ. ಸಾಲಿಂದ ಸಾಲಿಗೆ 10 ಅಡಿ, ಗಿಡದಿಂದ ಗಿಡಕ್ಕೆ 5. ಬೋದು ಎತ್ತರ ಏರಿಸಿ, ಸಾಲಿನ ಕೊನೆ ಒಡೆದು ನೀರು ಹೊರಗೆ ಹೋಗುವ ಹಾಗೆ ಮಾಡಿದೆ. ಮಳೆ ನಿಲ್ಲಿಸೋಕೆ ಆಗಲ್ಲ, ನಿಂತ ನೀರು ಓಡಿಸಬಹುದು. ಬುಡಕ್ಕೆ ತಿಪ್ಪೆ ಗೊಬ್ಬರ, ಸ್ವಲ್ಪ ಡಿಎಪಿ, ಅಷ್ಟೇ. ಯೂರಿಯಾ ಒಂದು ಹಿಡಿಯೂ ಇಲ್ಲ. ಪೊಟ್ಯಾಷ್ ಚೀಲ 1,600-1,700 ಇತ್ತು, ಅರ್ಧ ಚೀಲ ಮಾತ್ರ ತಂದೆ. ಉಳಿದದ್ದಕ್ಕೆ ಒಲೆ ಬೂದಿ. ಎಳೆ ಗಿಡಕ್ಕೆ ಬೆಳಿಗ್ಗೆ ಇಬ್ಬನಿ ಇರುವಾಗ ಅದೇ ಬೂದಿ ಎರಚಿದರೆ ಕೆಂಪು ದುಂಬಿಯ ಕಾಟವೂ ಕಡಿಮೆ. ಬೀಜ ನೆನೆಸುವ ನೀರಿಗೆ ನಾನು ಒಂದು ಬೆರೆಸುತ್ತೇನೆ, ಅದು ನಮ್ಮ ಮನೆಯ ಗುಟ್ಟು, ಇರಲಿ.

ಮುಖ್ಯ ಕೆಲಸ ಚಿವುಟೋದು. ಬಳ್ಳಿಗೆ ಎಂಟು-ಹತ್ತು ಎಲೆ ಆದ ಕೂಡಲೇ ತುದಿ ಕುಡಿ ತೆಗೆದೆ. ಹೊಲದ ಪಕ್ಕ ಹೋಗುವವರು ನಿಂತು ನೋಡುತ್ತಿದ್ದರು. "ಏನ್ ಮಾರಾಯಾ, ಬೆಳಿಯೋ ಬಳ್ಳಿ ಕುತ್ತಿಗಿ ಕೊಯ್ಯಾಕತ್ತೀಯಲ್ಲ?" ಅಂತ ಒಬ್ಬರು. ಮನೆಯಲ್ಲೂ ಒಂದು ವಾರ ಮಾತು ಬಿಗಿಯಾಗಿಯೇ ಇತ್ತು. ಹತ್ತು ದಿನದೊಳಗೆ ಪಕ್ಕದ ಟಿಸಿಲು ಬಂದವು. ಗಟ್ಟಿ ಇರುವ ಮೂರು ಬಿಟ್ಟು ಉಳಿದದ್ದು ತೆಗೆದೆ. ಹೆಣ್ಣು ಹೂ ಬೇಗ ಬರೋದು ಈ ಪಕ್ಕದ ಟಿಸಿಲುಗಳಲ್ಲೇ. ಚಿವುಟುವ ಕೆಲಸ ಬಿಸಿಲು ಇರುವ ದಿನ, ಬೆಳಿಗ್ಗೆಯೇ ಮಾಡಿ. ಮಳೆಯಲ್ಲಿ ಮಾಡಿದರೆ ಗಾಯ ಕೊಳೆಯುತ್ತದೆ. ಕಿತ್ತ ಕುಡಿ ಬಿಸಾಡಬೇಡಿ, ಬೇಳೆ ಹಾಕಿ ಪಲ್ಯ ಮಾಡಿದರೆ ರೊಟ್ಟಿಗೆ ಚೆನ್ನ.

ಮೊಬೈಲಿನಲ್ಲಿ ತ್ರೀ ಜಿ ಕಟಿಂಗ್ ಅಂತ ತೋರಿಸುತ್ತಾರಲ್ಲ, ಟಿಸಿಲಿನ ತುದಿಯನ್ನೂ ಮತ್ತೆ ಕತ್ತರಿಸೋದು, ಅದನ್ನು ಒಂದು ಸಾಲಿಗೆ ಮಾಡಿ ನೋಡಿದೆ. ಹೆಣ್ಣು ಹೂ ಬಂದವು, ಆದರೆ ಎರಡು-ಮೂರು ವಾರ ತಡ. ಚಪ್ಪರದ ಸೋರೆಗೆ ಅದು ಸರಿ, ಹಬ್ಬ ನೋಡಿಕೊಂಡು ಹಾಕುವ ಕುಂಬಳಕ್ಕಲ್ಲ. ಇನ್ನೆರಡು ಸಾಲಿಗೆ ಎಥ್ರೆಲ್ ಸಿಂಪಡಿಸಿದೆ, ಹೆಣ್ಣು ಹೂ ಹೆಚ್ಚಿಸುವ ಔಷಧಿ ಅದು. 39 ಪರ್ಸೆಂಟಿನದು, ಲೀಟರಿಗೆ 0.6 ಎಂಎಲ್ ಸುಮಾರು, ಎರಡು ಎಲೆ ಇರುವಾಗ ಒಮ್ಮೆ, ನಾಲ್ಕು ಎಲೆಗೆ ಇನ್ನೊಮ್ಮೆ. ಹೂ ಬೇಗ ಬಂತು, ಸುಳ್ಳು ಹೇಳಲ್ಲ. ಆದರೆ ಬಳ್ಳಿ ಸ್ವಲ್ಪ ಗಿಡ್ಡ ಆಯಿತು, ಕಾಯಿ ಲೆಕ್ಕದಲ್ಲಿ ಚಿವುಟಿದ ಸಾಲಿಗಿಂತ ಜಾಸ್ತಿ ಏನೂ ಕಾಣಲಿಲ್ಲ. ಬಳ್ಳಿ ಹಬ್ಬಿದ ಮೇಲೆ ಎಥ್ರೆಲ್ ಹೊಡೆಯೋದು ದಂಡ. ಅದನ್ನು ಅದರ ಹಿಂದಿನ ವರ್ಷವೇ ನೋಡಿದ್ದೆ.

ಆಗಸ್ಟ್ ಮೊದಲ ವಾರ ಹೆಣ್ಣು ಹೂ ಅರಳತೊಡಗಿದವು. ಅಲ್ಲಿಗೆ ಮುಗಿಯಲಿಲ್ಲ. ಮೋಡ, ಜಿಟಿಜಿಟಿ, ಜೇನು ಸುಳಿಯಲೇ ಇಲ್ಲ. ಮೊದಲ ಪೀಚುಗಳೆಲ್ಲ ಹಳದಿ ತಿರುಗಿ ಉದುರಿದವು. ಆಮೇಲೆ ದಿನಾ ಬೆಳಿಗ್ಗೆ ಆರರಿಂದ ಎಂಟೂವರೆವರೆಗೆ ನಾನು, ನಮ್ಮ ಮನೆಯವರು, ಜೊತೆಗೆ ಒಬ್ಬ ಆಳು ಕೈಯಿಂದಲೇ ಪರಾಗ ಮುಟ್ಟಿಸಿದೆವು. ಗಂಡು ಹೂವಿನ ಎಸಳು ಸುಲಿದು, ಒಂದರಿಂದ ಎರಡು-ಮೂರು ಹೆಣ್ಣು ಹೂವಿಗೆ ಒರೆಸೋದು. ಎಲ್ಲರಿಗೂ ಗೊತ್ತಿರೋದೇ, ಮಾಡೋಕೆ ಸೋಮಾರಿತನ ಅಷ್ಟೇ. ಬಿಸಿಲೇರಿದ ಮೇಲೆ ಮಾಡಿದರೆ ಸುಮ್ನೆ, ಹೂ ಮುಚ್ಚಿಕೊಂಡಿರುತ್ತದೆ. ಆಳಿಗೆ ಅರ್ಧ ದಿನದ ಲೆಕ್ಕ 150 ರೂಪಾಯಿ, ಎರಡು ವಾರದ ಮೇಲೆ ನಡೆಯಿತು. ಇಡೀ ಹಂಗಾಮಿನಲ್ಲಿ ನನಗೆ ಅತಿ ಹೆಚ್ಚು ಲಾಭ ಕೊಟ್ಟ ಖರ್ಚು ಇದೇ.

ಕಾಯಿ ಕಟ್ಟಿದ ಮೇಲೆ ಪೊಟ್ಯಾಷ್, ಮಳೆ ಬಿಟ್ಟಾಗ ನೀರು. ಹಣ್ಣು ನೊಣಕ್ಕೆ ಕ್ಯೂ ಲೂರ್ ಬಲೆ (ವಾಸನೆಯಿಂದ ಗಂಡು ನೊಣ ಸೆಳೆದು ಹಿಡಿಯುವಂಥದ್ದು) ಏಳೆಂಟು. ಔಷಧಿ ಹೊಡೆಯುವುದಿದ್ದರೆ ಜೇನಿಗೆ ತೊಂದರೆ ಆಗದ ಹಾಗೆ ಸಂಜೆ ಮಾತ್ರ.

ಎಕರೆಗೆ 9 ಟನ್ ಆಸುಪಾಸು ಬಂತು. ಮೊದಲ ಕೊಯ್ಲು ಹುಬ್ಬಳ್ಳಿಯ ಅಮರಗೋಳ ಮಾರುಕಟ್ಟೆಗೆ ಹೋದಾಗ ಕಿಲೋಗೆ 14, ಹಬ್ಬ ಮುಗಿದ ಮೇಲೆ 9. ಹೆಚ್ಚೂ ಕಡಿಮೆ ಒಂದು ಲಕ್ಷ, ಖರ್ಚು 32 ಸಾವಿರ. ಯಾವ ದಿನ ಕೊಯ್ದು ಯಾವ ಸಂತೆಗೆ ಎಷ್ಟು ಕಳಿಸಿದೆ ಅನ್ನೋದನ್ನು ಮಾತ್ರ ಕೇಳಬೇಡಿ, ಈ ಸಲವೂ ಅಲ್ಲಿಗೇ ಕಳಿಸುವವನಿದ್ದೇನೆ.

ಬದುವಿನ ಪಕ್ಕ ನಾಲ್ಕು ಬೂದುಗುಂಬಳದ ಬಳ್ಳಿಗೂ ಇದೇ ರೀತಿ ಕುಡಿ ಚಿವುಟಿದ್ದೆ. ಕಾಯಿ ಸಂಖ್ಯೆ ಹೆಚ್ಚಾಯಿತು, ಗಾತ್ರ ಸಣ್ಣದಾಯಿತು. ಆಯುಧ ಪೂಜೆಗೆ ಲಾರಿ ಮುಂದೆ ಒಡೆಯೋರಿಗೆ ಸಣ್ಣದೂ ನಡೆಯುತ್ತದೆ, ಬಿಡಿಯಾಗಿ 40-50 ರೂಪಾಯಿಗೆ ಹೋದವು. ಮಿಠಾಯಿ ಅಂಗಡಿಯವರಿಗೆ ಮಾತ್ರ ದೊಡ್ಡ ಕಾಯಿಯೇ ಬೇಕು. ಅದಕ್ಕೆ ಈ ಬಾರಿ ಬೂದುಗುಂಬಳದ ಅರ್ಧ ಸಾಲು ಚಿವುಟಿ, ಅರ್ಧ ಹಾಗೇ ಬಿಡುತ್ತೇನೆ.