ಸಂಧಿವಾತ ಇಟ್ಟುಕೊಂಡು ಹಳ್ಳಿ ಸೇವೆ: ನನ್ನ ಅನುಭವ

ನಾನು ಬೀದರ್ ಜಿಲ್ಲೆಯಲ್ಲಿ ಮೆಥಡಿಸ್ಟ್ ಸಭೆಯ ಸೇವೆಯಲ್ಲಿದ್ದೇನೆ. ಭಾಲ್ಕಿ, ಹುಮನಾಬಾದ್ ಕಡೆಯ ಹಳ್ಳಿಗಳಲ್ಲಿ ಮನೆ ಪ್ರಾರ್ಥನೆ, ಹೆಂಗಸರ ಕೂಟ, ಮಕ್ಕಳ ಸಂಡೇ ಸ್ಕೂಲ್, ರೋಗಿಗಳ ಭೇಟಿ, ಇದೇ ನನ್ನ ಕೆಲಸ. ಜನ ನನ್ನನ್ನು ಅಕ್ಕೋರು ಅಂತ ಕರೆಯುತ್ತಾರೆ. ನನಗೆ ರುಮಟಾಯ್ಡ್ ಆರ್ಥ್ರೈಟಿಸ್ ಇದೆ. ನಮ್ಮ ಕಡೆ ಸಂಧಿವಾತ ಅಂತಾರೆ. ಇದು ಪೂರ್ತಿ ಹೋಗುವ ಕಾಯಿಲೆ ಅಲ್ಲ, ಹತೋಟಿಯಲ್ಲಿ ಇಟ್ಟುಕೊಳ್ಳಬೇಕಾದ ಕಾಯಿಲೆ. ಇದನ್ನು ಇಟ್ಟುಕೊಂಡೇ ಸೇವೆ ಹೇಗೆ ಮಾಡ್ತೀರಿ ಅಂತ ಕೇಳುವವರು ಈಗ ಜಾಸ್ತಿ ಆಗಿದ್ದಾರೆ. ಒಬ್ಬ ಪಾಸ್ಟರಿಗೆ ಶುಗರ್, ಇನ್ನೊಬ್ಬ ಪಾಸ್ಟರಮ್ಮನಿಗೆ ಥೈರಾಯ್ಡ್, ಮತ್ತೊಬ್ಬರು ಡಯಾಲಿಸಿಸ್‌ಗೆ ಹೋಗಿ ಬಂದು ಭಾನುವಾರ ಪ್ರಸಂಗ ಮಾಡುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೈಬೆರಳ ಗೆಣ್ಣುಗಳಲ್ಲಿ ಬಾವು ಬಂತು. ಎರಡೂ ಕೈಗೆ, ಒಂದೇ ಥರ. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. 2006ರಲ್ಲಿ ನಮ್ಮ ಭಾಗದಲ್ಲಿ ಚಿಕೂನ್‌ಗುನ್ಯಾ ಹಬ್ಬಿದ್ದು ಎಲ್ಲರಿಗೂ ನೆನಪಿದೆ. ಮನೆಮಂದಿಯೆಲ್ಲ ಒಟ್ಟಿಗೆ ಹಾಸಿಗೆ ಹಿಡಿದ ವರ್ಷ ಅದು. ಅಂದಿನಿಂದ ಯಾರಿಗೆ ಕೀಲು ನೋವು ಬಂದರೂ "ಅದ ಚಿಕೂನ್‌ಗುನ್ಯಾದ್ದು ಇರ್ಬೇಕು ಬಿಡ್ರಿ" ಅಂತ ಹೇಳಿ ಮುಗಿಸುತ್ತಾರೆ. ನನಗೂ ಹಾಗೇ ಹೇಳಿದರು. ಆದರೆ ಚಿಕೂನ್‌ಗುನ್ಯಾ ಸಾಮಾನ್ಯವಾಗಿ ಜೋರು ಜ್ವರದಿಂದ ಶುರುವಾಗುತ್ತದೆ. ನನಗೆ ಜ್ವರ ಬಂದಿರಲಿಲ್ಲ. ಬೆಳಗಿನ ಬಿಗಿತ ಒಂದು ಗಂಟೆ ಕಳೆದರೂ ಬಿಡುತ್ತಿರಲಿಲ್ಲ. ಡಾಕ್ಟರು ಆರ್‌ಎ ಫ್ಯಾಕ್ಟರ್, ಆಂಟಿ-ಸಿಸಿಪಿ, ಇಎಸ್‌ಆರ್, ಸಿಆರ್‌ಪಿ ಅನ್ನುವ ರಕ್ತ ಪರೀಕ್ಷೆಗಳನ್ನು ಮಾಡಿಸಿದರು. ರೋಗಗಳ ಮೇಲೆ ಹೋರಾಡಬೇಕಾದ ನಮ್ಮದೇ ರಕ್ಷಣಾ ಶಕ್ತಿ ಕೀಲಿನ ಒಳಪದರದ ಮೇಲೆ ಬೀಳುತ್ತದೆ, ಅದೇ ಈ ಕಾಯಿಲೆ ಅಂತ ವಿವರಿಸಿದರು. ಇದು ವಯಸ್ಸಾಗಿ ಕೀಲು ಸವೆದು ಬರುವ ನೋವಲ್ಲ. ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಜಾಸ್ತಿ ಬರುತ್ತದೆ. ಬೇಗ ಔಷಧಿ ಶುರು ಮಾಡಿದರೆ ಬೆರಳು ಸೊಟ್ಟ ಆಗುವುದನ್ನು ಬಹಳಷ್ಟು ತಡೆಯಬಹುದು. ಅದಕ್ಕೇ ನಮ್ಮ ಹೆಂಗಸರ ಕೂಟದಲ್ಲಿ ಯಾರಾದರೂ "ಮುಂಜಾನೆ ಕೈ ಮಡಚಲಿಕ್ಕೆ ಬರಂಗಿಲ್ಲ ಅಕ್ಕೋರ" ಅಂದರೆ, ಪ್ರಾರ್ಥನೆ ಮಾಡಿ, ಅದೇ ಉಸಿರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿ ಅನ್ನುತ್ತೇನೆ.

ನನ್ನ ವಾರ ಒಂದು ಗುಳಿಗೆಯ ಸುತ್ತ ನಿಂತಿದೆ. ಅದರ ಹೆಸರು ಮೆಥೊಟ್ರೆಕ್ಸೇಟ್. ಈ ಕಾಯಿಲೆಗೆ ಇದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ದಿನಾ ತಿಂದರೆ ಜೀವಕ್ಕೇ ಅಪಾಯ. ರಕ್ತದ ಕಣ ಇಳಿದುಬಿಡುತ್ತವೆ, ಬಾಯೆಲ್ಲ ಹುಣ್ಣಾಗುತ್ತದೆ. ಮನೆಯಲ್ಲಿ ಬಿಪಿ, ಶುಗರ್ ಗುಳಿಗೆ ದಿನಾ ತಿನ್ನುವವರಿಗೆ ವಾರಕ್ಕೊಂದು ದಿನದ ಗುಳಿಗೆ ಅಂದರೆ ಅರ್ಥವೇ ಆಗುವುದಿಲ್ಲ. ಹಾಗಾಗಿ ಸ್ಟ್ರಿಪ್ ಮೇಲೆ ದಪ್ಪ ಪೆನ್ನಿನಿಂದ ತಿನ್ನುವ ದಿನದ ಹೆಸರು ಬರೆದಿಡುತ್ತೇನೆ. ಬೇರೆ ಡಬ್ಬಿಯಲ್ಲಿ ಇಡುತ್ತೇನೆ.

ಆ ಗುಳಿಗೆ ತಿಂದ ಮರುದಿನ ನನಗೆ ಓಕರಿಕೆ, ಸುಸ್ತು, ತಲೆ ಭಾರ. ಶನಿವಾರ ತಿಂದರೆ ಭಾನುವಾರದ ಆರಾಧನೆ ಹೋಯಿತು. ಬುಧವಾರ ತಿಂದರೆ ಗುರುವಾರದ ಹೆಂಗಸರ ಕೂಟ ಹೋಯಿತು. ಡಾಕ್ಟರನ್ನೇ ಕೇಳಿದೆ. ಯಾವ ದಿನವಾದರೂ ಆಗಲಿ, ಒಂದೇ ದಿನಕ್ಕೆ ಅಂಟಿಕೊಳ್ಳಿ ಅಂದರು. ಆಗ ಭಾನುವಾರ ರಾತ್ರಿ ಅಂತ ಗೊತ್ತು ಮಾಡಿಕೊಂಡೆ. ಆರಾಧನೆ ಮುಗಿದು, ಊಟ ಆಗಿ, ಮಲಗುವ ಮುಂಚೆ. ಸೋಮವಾರ ಹೇಗೂ ಸಭೆಯ ಕೆಲಸ ಕಡಿಮೆ. ಸೋಮವಾರ ನಾನು ಯಾರ ಮನೆಗೂ ಹೋಗುವುದಿಲ್ಲ. ಮರಣ ಆದರೆ ಮಾತ್ರ ಹೋಗುತ್ತೇನೆ, ಅದೂ ಕುಳಿತು ಬರುತ್ತೇನೆ. ನೀವು ಯಾವ ಔಷಧಿ ತಿಂದರೂ ಈ ಒಂದು ಪ್ರಶ್ನೆಯನ್ನು ಡಾಕ್ಟರಿಗೆ ಕೇಳಿ: ನನ್ನ ಭಾನುವಾರ ಉಳಿಯುವ ಹಾಗೆ ಇದನ್ನು ಯಾವ ಹೊತ್ತಿಗೆ ತಗೊಳ್ಳಲಿ? ಎಷ್ಟೋ ಡಾಕ್ಟರಿಗೆ ಪಾಸ್ಟರ ವಾರ ಹೇಗಿರುತ್ತದೆ ಅಂತ ಗೊತ್ತಿರುವುದಿಲ್ಲ. ಹೇಳಿದರೆ ಖುಷಿಯಿಂದ ಹೊಂದಿಸಿ ಕೊಡುತ್ತಾರೆ.

ಇದರ ಜೊತೆಗೆ ಫೋಲಿಕ್ ಆಸಿಡ್ ಅನ್ನುವ ವಿಟಮಿನ್ ಗುಳಿಗೆ ಇದೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಅನ್ನುವ ಇನ್ನೊಂದು ಸಂಧಿವಾತದ ಗುಳಿಗೆ ಇದೆ, ಅದಕ್ಕೆ ಆಗಾಗ ಕಣ್ಣಿನ ಪರದೆ ತೋರಿಸಬೇಕು. ಕೆಲವು ತಿಂಗಳಿಗೊಮ್ಮೆ ರಕ್ತದ ಕಣ, ಲಿವರ್, ಕಿಡ್ನಿ ಪರೀಕ್ಷೆ. ಅದನ್ನು ಬೀದರ್‌ನಲ್ಲೇ ಮಾಡಿಸಿ ರಿಪೋರ್ಟನ್ನು ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ. ಕೀಲುವಾತದ ತಜ್ಞರನ್ನು ನೋಡಲು ಮಾತ್ರ ಹೈದರಾಬಾದ್ ಬಸ್ ಹತ್ತುತ್ತೇನೆ. ಈ ಹಳೆಯ ಗುಳಿಗೆಗಳು ದುಬಾರಿ ಅಲ್ಲ. ಜನೌಷಧಿ ಅಂಗಡಿಯಲ್ಲಿ ಇನ್ನೂ ಅಗ್ಗಕ್ಕೆ ಸಿಕ್ಕರೆ ಅಲ್ಲೇ ತರುತ್ತೇನೆ.

ಹಳ್ಳಿಗಳಲ್ಲಿ ಸಿಗುವ ಹೆಸರಿಲ್ಲದ ಪುಡಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ತಿಂದ ಎರಡು ಮೂರು ದಿನಕ್ಕೇ ನೋವು ಮಾಯವಾಗುತ್ತದೆ. ಜನ ಸಾಕ್ಷಿ ಹೇಳುತ್ತಾರೆ. ಅಂಥ ಪುಡಿಗಳಲ್ಲಿ ಎಷ್ಟೋ ಸಲ ಸ್ಟಿರಾಯ್ಡ್ ಬೆರೆತಿರುತ್ತದೆ. ತಿಂಗಳುಗಟ್ಟಲೆ ತಿಂದರೆ ಮುಖ ಊದುತ್ತದೆ, ಶುಗರ್ ಏರುತ್ತದೆ, ಎಲುಬು ಟೊಳ್ಳಾಗುತ್ತದೆ. ತಟ್ಟನೆ ನಿಲ್ಲಿಸಿದರೂ ಅಪಾಯ, ಡಾಕ್ಟರ ಕೈಯಲ್ಲೇ ನಿಧಾನವಾಗಿ ಇಳಿಸಬೇಕು. ಪ್ರೀತಿಯಿಂದ ತಂದುಕೊಟ್ಟವರಿಗೆ ಬೇಡ ಅನ್ನುವುದು ಕಷ್ಟ, ಆದರೂ ನಾನು ತೆಗೆದುಕೊಳ್ಳುವುದಿಲ್ಲ.

ಈಗ ಮೈಯ ವಿಷಯಕ್ಕೆ ಬರೋಣ. ಬೆಳಿಗ್ಗೆ ಐದಕ್ಕೆ ಎದ್ದು ಮೊಣಕಾಲೂರಿ ಪ್ರಾರ್ಥಿಸುವುದು ಚಿಕ್ಕಂದಿನಿಂದ ಬಂದ ರೂಢಿ. ಈಗ ಎದ್ದ ಕೂಡಲೇ ಬಕೆಟ್‌ನಲ್ಲಿ ಬಿಸಿನೀರು ಹಾಕಿ ಎರಡೂ ಕೈ ಮುಳುಗಿಸಿ ಕೂರುತ್ತೇನೆ. ಒಂದೊಂದೇ ಬೆರಳು ಬಿಚ್ಚುತ್ತಾ, ಒಂದೊಂದು ಬೆರಳಿಗೆ ಒಂದೊಂದು ಮನೆಯ ಹೆಸರು ಹೇಳಿ ಪ್ರಾರ್ಥಿಸುತ್ತೇನೆ. ಬಿಗಿತ ಬಿಡುವ ಹೊತ್ತಿಗೆ ಒಂದು ಓಣಿ ಮುಗಿದಿರುತ್ತದೆ. ಬೈಬಲ್‌ನ ತೆಳು ಹಾಳೆ ಬೆಳಿಗ್ಗೆ ಕೈಗೆ ಸಿಗುವುದಿಲ್ಲ. ಹಾಗಾಗಿ ಮೊಬೈಲ್‌ನಲ್ಲಿ ಆಡಿಯೋ ಕೇಳುತ್ತೇನೆ. ಹತ್ತು ಗಂಟೆ ಆಗುವ ತನಕ ಎಲ್ಲಿಗೂ ಬರುತ್ತೇನೆ ಅಂತ ಒಪ್ಪಿಕೊಳ್ಳುವುದಿಲ್ಲ.

ನಮ್ಮ ಕಡೆ ಮನೆ ಪ್ರಾರ್ಥನೆ ಅಂದರೆ ಎಲ್ಲರೂ ಜಮಖಾನೆ ಮೇಲೆ ಕೂರುತ್ತಾರೆ. ನಾನೊಬ್ಬಳೇ ಕುರ್ಚಿಯಲ್ಲಿ ಕೂರಬೇಕು. ದೊಡ್ಡವರ ಮುಂದೆ, ಮುದುಕಿಯರ ಮುಂದೆ ಮೇಲೆ ಕೂರಲು ಮನಸ್ಸು ಒಪ್ಪುತ್ತಿರಲಿಲ್ಲ. ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ, "ಅವ್ವ, ಮೊಣಕಾಲು ಮಡಚಲಿಕ್ಕೆ ಬರಂಗಿಲ್ಲ, ಕುರ್ಚಿ ಕೊಡ್ರಿ, ತಪ್ಪು ತಿಳ್ಕೋಬ್ಯಾಡ್ರಿ." ಒಮ್ಮೆ ಹೀಗೆ ಹೇಳಿದ ಮೇಲೆ ಒಬ್ಬ ಅಜ್ಜಿ ಎದ್ದು ಬಂದು, "ನಂಗೂ ಒಂದು ಕುರ್ಚಿ ಹಾಕ್ರಿ, ಇಷ್ಟು ದಿನ ನಾಚ್ಕೊಂಡು ಕುಂತಿದ್ದೆ" ಅಂದರು. ಈಗ ಆ ಮನೆಯಲ್ಲಿ ಗೋಡೆ ಉದ್ದಕ್ಕೂ ಪ್ಲಾಸ್ಟಿಕ್ ಕುರ್ಚಿ ಇರುತ್ತವೆ.

ಭಾನುವಾರ ಬಾಗಿಲಲ್ಲಿ ನಿಂತು ಕೈ ಕುಲುಕುವುದು ಇನ್ನೊಂದು ಕಷ್ಟ. ಹೊಲದಲ್ಲಿ ದುಡಿದ ಕೈಗಳು, ಪ್ರೀತಿಯಿಂದ ಗಟ್ಟಿಯಾಗಿ ಹಿಡಿಯುತ್ತಾರೆ. ಗೆಣ್ಣಿನಲ್ಲಿ ಬಾವು ಇದ್ದಾಗ ಕಣ್ಣಲ್ಲಿ ನೀರು ಬರುತ್ತದೆ. ಈಗ ಎರಡೂ ಕೈ ಜೋಡಿಸಿ ವಂದನೆ ಹೇಳುತ್ತೇನೆ. ಮನೆಯಲ್ಲಿ ಜೋಳದ ರೊಟ್ಟಿ ಬಡಿಯುವುದನ್ನು ಬಿಟ್ಟಿದ್ದೇನೆ. ಮಣಿಕಟ್ಟು ತಡೆಯುವುದಿಲ್ಲ. ರೊಟ್ಟಿ ಮಾಡಿ ಮಾರುವ ಅಕ್ಕಂದಿರಿಂದ ಕಡಕ್ ರೊಟ್ಟಿ ತರಿಸುತ್ತೇವೆ. ಪುಂಡಿ ಪಲ್ಯ ನನ್ನ ಗಂಡ ಮಾಡುತ್ತಾರೆ, ಬಹಳ ಚೆನ್ನಾಗಿ ಮಾಡುತ್ತಾರೆ.

ಇಷ್ಟೆಲ್ಲ ಹೊಂದಿಸಿಕೊಳ್ಳಬಹುದು. ಹೊಂದಿಸಿಕೊಳ್ಳಲು ಜಾಸ್ತಿ ಹೊತ್ತು ಹಿಡಿದದ್ದು ಒಂದು ಪ್ರಶ್ನೆ. "ಅಕ್ಕೋರ, ನೀವ ದೇವರ ಸೇವಾ ಮಾಡೋರು, ನಿಮಗ್ಯಾಕ ಹಿಂಗಾತು?" ಕೇಳುವವರಲ್ಲಿ ಕೆಟ್ಟ ಮನಸ್ಸಿಲ್ಲ. ಅವರ ಮನೆಯಲ್ಲೂ ರೋಗಿ ಇರುತ್ತಾರೆ, ಅವರಿಗೂ ಉತ್ತರ ಬೇಕಾಗಿರುತ್ತದೆ. ಆದರೆ ಇನ್ನೊಂದು ಥರದ ಮಾತೂ ಕೇಳಿದ್ದೇನೆ. ಸ್ವಸ್ಥತೆಯ ಕೂಟಕ್ಕೆ ಬಂದ ಒಬ್ಬ ಬೋಧಕರು, ನಂಬಿಕೆ ಇದ್ದರೆ ಗುಳಿಗೆ ನಿಲ್ಲಿಸಿ ಅಂದರು. ಗುಪ್ತ ಪಾಪ ಇರಬೇಕು ಅಂತ ಇನ್ನೊಬ್ಬರು ಅಂದರು. ಆ ಮಾತು ಮೈಯ ನೋವಿಗಿಂತ ಹೆಚ್ಚು ಚುಚ್ಚಿತು.

ನನಗೆ ಆಗ ಕೈ ಹಿಡಿದದ್ದು ಬೈಬಲ್‌ನಲ್ಲಿ ಬರುವ ತ್ರೊಫಿಮ. ಪ್ರಸಂಗಗಳಲ್ಲಿ ಇವನ ಹೆಸರು ಬರುವುದೇ ಕಡಿಮೆ. ಎಫೆಸ ಪಟ್ಟಣದವನು, ಅಪೊಸ್ತಲ ಪೌಲನ ಜೊತೆ ಊರೂರು ತಿರುಗಿದ ಸೇವಕ. ಅದೇ ಎಫೆಸದಲ್ಲಿ ಪೌಲನ ಮೈ ಮುಟ್ಟಿದ ಕೈವಸ್ತ್ರ ತಂದು ಹಾಕಿದರೂ ರೋಗಿಗಳು ಏಳುತ್ತಿದ್ದರು ಅಂತ ಅಪೊಸ್ತಲರ ಕೃತ್ಯಗಳು 19ರಲ್ಲಿದೆ. ಅಂಥ ಪೌಲ ತನ್ನ ಜೊತೆ ಸೇವಕ ತಿಮೊಥೆಗೆ ಬರೆದ ಎರಡನೇ ಪತ್ರದ ಕೊನೆಯಲ್ಲಿ, ತ್ರೊಫಿಮನಿಗೆ ಮೈಯಲ್ಲಿ ಹುಷಾರಿಲ್ಲ, ಮಿಲೇತದಲ್ಲಿ ಬಿಟ್ಟು ಬಂದೆ ಅಂತ ಸುಮ್ನೆ ಒಂದು ಸಾಲಿನಲ್ಲಿ ಹೇಳುತ್ತಾನೆ. ಅವನಿಗೆ ನಂಬಿಕೆ ಸಾಲದು ಅಂತ ಹೇಳಲಿಲ್ಲ. ಪಾಪ ಹುಡುಕಲಿಲ್ಲ. ತಿಮೊಥೆಗೂ ಹೊಟ್ಟೆಯ ತೊಂದರೆ, ಪದೇ ಪದೇ ಕಾಯಿಲೆ. ಅವನಿಗೆ ಪೌಲ ಹೇಳಿದ್ದು ಆ ಕಾಲದ ಮದ್ದು, ಸ್ವಲ್ಪ ದ್ರಾಕ್ಷಾರಸ. ಹುಟ್ಟುಕುರುಡನನ್ನು ನೋಡಿ ಯಾರ ಪಾಪ ಅಂತ ಶಿಷ್ಯರು ಕೇಳಿದಾಗ, ಇವನದೂ ಅಲ್ಲ, ತಂದೆತಾಯಿಯದೂ ಅಲ್ಲ ಅಂತ ಯೇಸು ಹೇಳಿದ್ದನ್ನು ಯೋಹಾನ 9ರಲ್ಲಿ ಓದಿ. ಈ ಮೂರು ಭಾಗಗಳನ್ನು ನಾನು ಹೆಂಗಸರ ಕೂಟದಲ್ಲಿ ಸರದಿಯಾಗಿ ಓದಿಸಿದೆ. ಪ್ರಶ್ನೆ ಕೇಳಿದವರೇ ಅಳತೊಡಗಿದರು. ಒಬ್ಬಾಕೆ, "ನನ್ನ ಮಗನಿಗೆ ಫಿಟ್ಸ್ ಬರ್ತದ, ಇಷ್ಟು ದಿನ ನನ್ನ ಪಾಪ ಅಂದ್ಕೊಂಡಿದ್ದೆ" ಅಂದಳು. ಆ ವಾರವೇ ಅವಳ ಮಗನನ್ನು ನರರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು.

ಸ್ವಸ್ಥತೆಗಾಗಿ ಪ್ರಾರ್ಥಿಸುವುದನ್ನು ನಾನು ಬಿಟ್ಟಿಲ್ಲ. ಯಾಕೋಬನ ಪತ್ರದಲ್ಲಿ ಇರುವ ಹಾಗೆ ಸಭೆಯ ಹಿರಿಯರನ್ನು ಕರೆಸಿ, ಎಣ್ಣೆ ಹಚ್ಚಿಸಿಕೊಂಡು ಪ್ರಾರ್ಥನೆ ಮಾಡಿಸಿಕೊಂಡಿದ್ದೇನೆ. ಮುಂದೆಯೂ ಮಾಡಿಸಿಕೊಳ್ಳುತ್ತೇನೆ. ಗುಳಿಗೆಯನ್ನೂ ಸ್ತೋತ್ರ ಹೇಳಿಯೇ ನುಂಗುತ್ತೇನೆ. ನಮ್ಮ ಭಾಗಕ್ಕೆ ಬಂದ ಮೆಥಡಿಸ್ಟ್ ಮಿಷನ್‌ನವರು ಬೀದರ್‌ನಲ್ಲೂ ಯಾದಗಿರಿಯಲ್ಲೂ ಚರ್ಚಿನ ಜೊತೆ ಆಸ್ಪತ್ರೆಯನ್ನೂ ನಡೆಸಿದರು. ಆ ಸಭೆಯ ಮಕ್ಕಳಾದ ನಮಗೆ ಔಷಧಿ ಬೇರೆ, ದೇವರು ಬೇರೆ ಅಂತ ಯಾರು ಕಲಿಸಿದರೋ ಗೊತ್ತಿಲ್ಲ.

ಉಪವಾಸದ ವಿಷಯ ಸ್ವಲ್ಪ ನಾಜೂಕು. ಈಸ್ಟರ್‌ಗೆ ಮುಂಚಿನ ಲೆಂಟ್ ಅನ್ನುವ ಉಪವಾಸದ ನಲವತ್ತು ದಿನ ನಮ್ಮ ಕಡೆ ಬಹಳ ಕಟ್ಟುನಿಟ್ಟು. ಅದೇ ಹೊತ್ತಿಗೆ ಬಿಸಿಲೂ ಏರುತ್ತದೆ. ನೋವಿನ ಗುಳಿಗೆಯನ್ನು ಖಾಲಿ ಹೊಟ್ಟೆಗೆ ತಿಂದರೆ ಹೊಟ್ಟೆ ಹುಣ್ಣು, ನೀರು ಕುಡಿಯದೆ ತಿಂದರೆ ಕಿಡ್ನಿಗೆ ಪೆಟ್ಟು. ನಾನು ಅನ್ನ ನೀರು ಬಿಡುವುದಿಲ್ಲ. ಚಹಾ ಬಿಡುತ್ತೇನೆ, ಸಿಹಿ ಬಿಡುತ್ತೇನೆ, ಸಂಜೆ ಟಿವಿ ಬಿಡುತ್ತೇನೆ, ಆ ದುಡ್ಡು ಆ ಹೊತ್ತು ಬೇರೆಯವರಿಗೆ ಕೊಡುತ್ತೇನೆ. ಶುಗರ್ ಇರುವವರು ಉಪವಾಸದ ಮುಂಚೆ ಡಾಕ್ಟರನ್ನು ಕೇಳಲೇಬೇಕು. ಶುಭ ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮೂರರ ತನಕ ಆರಾಧನೆ ನಡೆಯುತ್ತದಲ್ವಾ, ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತಿನ ಮೇಲೆ. ಅದನ್ನು ಏಳು ಜನಕ್ಕೆ ಹಂಚುವ ಪದ್ಧತಿ ನನ್ನಂಥವರಿಗೆ ದೊಡ್ಡ ಅನುಕೂಲ. ನಾನು "ನನಗೆ ನೀರಡಿಕೆಯಾಗಿದೆ" ಅನ್ನುವ ಒಂದೇ ಮಾತು ತೆಗೆದುಕೊಳ್ಳುತ್ತೇನೆ. ಉಳಿದ ಹೊತ್ತು ಫ್ಯಾನ್ ಕೆಳಗೆ ಕುಳಿತು ಕೇಳುತ್ತೇನೆ.

ಡಿಸೆಂಬರ್‌ನಲ್ಲಿ ಮನೆಮನೆಗೆ ಹೋಗಿ ಕ್ರಿಸ್‌ಮಸ್ ಹಾಡು ಹಾಡುವ ರಾತ್ರಿ ಕ್ಯಾರೊಲ್ ತಿರುಗಾಟಕ್ಕೆ ಹೋಗುವುದಿಲ್ಲ. ಬೀದರ್‌ನ ಥಂಡಿಯಲ್ಲಿ ಕೀಲು ಹಿಡಿದುಕೊಂಡುಬಿಡುತ್ತದೆ.

ರೋಗಿಗಳ ಭೇಟಿಯನ್ನು ಮಾತ್ರ ಕೈಬಿಟ್ಟಿಲ್ಲ. ಆದರೆ ನನ್ನ ಗುಳಿಗೆಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವೆ, ಸೋಂಕು ಬೇಗ ಹತ್ತುತ್ತದೆ. ಟಿಬಿ ಇರುವ ಮನೆಗೆ ಮಾಸ್ಕ್ ಹಾಕಿ ಹೋಗುತ್ತೇನೆ, ಅಂಗಳದಲ್ಲಿ ಗಾಳಿ ಆಡುವ ಕಡೆ ಕೂರುತ್ತೇನೆ. ಸಿಡುಬಿನಂಥ ಗುಳ್ಳೆ ಎದ್ದ ಮಕ್ಕಳಿದ್ದರೆ ಫೋನ್‌ನಲ್ಲೇ ಪ್ರಾರ್ಥನೆ. ನನಗೇ ಜ್ವರ ಬಂದರೆ ಆ ವಾರದ ಗುಳಿಗೆ ತಿನ್ನಬೇಕೋ ಬೇಡವೋ ಅಂತ ಡಾಕ್ಟರಿಗೆ ಫೋನ್ ಮಾಡಿ ಕೇಳುತ್ತೇನೆ.

ಬಾವು ಏರಿದ ದಿನಗಳು ಬರುತ್ತವೆ, ಹೇಳಿ ಕೇಳಿ ಬರುವುದಿಲ್ಲ. ಅದಕ್ಕೆ ಪ್ರತಿ ಕೂಟಕ್ಕೂ ಇನ್ನೊಬ್ಬರನ್ನು ತಯಾರು ಇಟ್ಟಿದ್ದೇನೆ. ಗುರುವಾರದ ಕೂಟವನ್ನು ಈಗ ಪಿಯುಸಿ ಮುಗಿಸಿದ ಒಬ್ಬ ಹುಡುಗಿ ನಡೆಸುತ್ತಾಳೆ. ಮೊದಲು ಪ್ರಾರ್ಥನೆ ಮಾತ್ರ ಕೊಟ್ಟೆ, ಆಮೇಲೆ ವಾಕ್ಯ ಓದುವುದು, ಆಮೇಲೆ ಪಾಠ. ಹಾಡಿಸುವುದರಲ್ಲಿ ನನಗಿಂತ ಅವಳೇ ಮೇಲು. ಕೆಲವು ತಾಯಂದಿರು ಈಗ ತಮ್ಮ ಕಷ್ಟ ಹೇಳಿಕೊಳ್ಳಲು ಅವಳ ಹತ್ತಿರವೇ ಹೋಗುತ್ತಾರೆ. ಮೊದಮೊದಲು ಮನಸ್ಸಿಗೆ ಸ್ವಲ್ಪ ಆಯಿತು, ಸುಳ್ಳು ಹೇಳುವುದಿಲ್ಲ. ಈಗ ದೇವರಿಗೆ ಸ್ತೋತ್ರ ಹೇಳುತ್ತೇನೆ.

ಕೊನೆಗೆ, ನಿಮ್ಮ ಮೇಲಿನವರಿಗೆ ಹೇಳುವ ವಿಷಯ. ನಮ್ಮಲ್ಲಿ ವಾರ್ಷಿಕ ಕಾನ್ಫರೆನ್ಸ್‌ನಲ್ಲಿ, ಅಂದರೆ ಸಭೆಗಳ ವರ್ಷದ ಸಮ್ಮೇಳನದಲ್ಲಿ, ನೇಮಕ ಆಗುತ್ತದೆ, ಎಲ್ಲಿಗೆ ಹಾಕುತ್ತಾರೋ ಅಲ್ಲಿಗೆ ಹೋಗಬೇಕು. ಕಾಯಿಲೆ ಗೊತ್ತಾದರೆ ಸೇವೆಯಿಂದ ತೆಗೆದುಬಿಡುತ್ತಾರೆ ಅಂತ ಹೆದರಿ ಮುಚ್ಚಿಡುವವರು ಇದ್ದಾರೆ. ನಾನು ಡಾಕ್ಟರ ಪತ್ರದ ಜೊತೆ ಡಿಸ್ಟ್ರಿಕ್ಟ್‌ನ ಸಭೆಗಳನ್ನು ನೋಡಿಕೊಳ್ಳುವ ಡಿಸ್ಟ್ರಿಕ್ಟ್ ಸೂಪರಿಂಟೆಂಡೆಂಟ್ ಅವರ ಮುಂದೆ ಕುಳಿತು ಎಲ್ಲವನ್ನೂ ಹೇಳಿದೆ. ಏನು ಮಾಡಬಲ್ಲೆ, ಏನು ಆಗುವುದಿಲ್ಲ ಅಂತ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ರಕ್ತ ಪರೀಕ್ಷೆಯ ಲ್ಯಾಬ್ ಹತ್ತಿರ ಇರಬೇಕು, ಮನೆಗೆ ಮೆಟ್ಟಿಲು ಕಡಿಮೆ ಇರಬೇಕು, ಸೋಮವಾರ ಬಿಡುವು ಬೇಕು. ಅವರು ಓದಿ, "ಇಷ್ಟೇ ಏನ್ರೀ ಅಕ್ಕೋರ?" ಅಂದರು. ಹೌದು, ಇಷ್ಟೇ ಅಂದೆ. ಆ ಹಾಳೆಯನ್ನು ಫೈಲಿಗೆ ಹಾಕಿಕೊಂಡರು. ನೇಮಕದ ಮಾತು ಬಂದಾಗ ಅದನ್ನೇ ತೆಗೆದು ನೋಡುತ್ತಾರೆ.